ಗಾಳಿಯ ದೂಳು ತೂಗುವ ಮೊದಲು ಫಿಲ್ಟರ್ ಕಾಗದ ಒಣಗಿಸಿ

ಕಬ್ಬು ನುರಿಸುವ ಹಂಗಾಮು ಶುರುವಾಯಿತೆಂದರೆ ಮುಧೋಳ, ಜಮಖಂಡಿ ಕಡೆ ಮಾಳಿಗೆಗಳ ಮೇಲೆ ಬಾಯ್ಲರಿನ ಕರಿಬೂದಿ ಬೀಳತೊಡಗುತ್ತದೆ. ಅದೇ ಹೊತ್ತಿಗೆ ಕಟಾವಾದ ಹೊಲಗಳಲ್ಲಿ ರವದಿಗೆ, ಅಂದರೆ ಕಬ್ಬಿನ ಒಣ ಎಲೆಗೆ, ಬೆಂಕಿ. ಇಳಕಲ್ಲಿನಲ್ಲಿ ಗ್ರಾನೈಟ್ ಕೊರೆಯುವ ದೂಳು, ಲೋಕಾಪುರದ ಸುತ್ತ ಸಿಮೆಂಟು, ಬೆಳಗಾವಿಯ ಉದ್ಯಮಬಾಗದಲ್ಲಿ ಫೌಂಡ್ರಿಗಳ ಹೊಗೆ ವರ್ಷವಿಡೀ ಇದ್ದದ್ದೇ. ಗಾಳಿ ಅಳೆಯುವವರೂ ಈಗ ಕಡಿಮೆಯಿಲ್ಲ: ಕಾರ್ಖಾನೆಗಳ ಪರಿಸರ ವಿಭಾಗದವರು, ಖಾಸಗಿ ಲ್ಯಾಬಿನವರು, ಎಂಜಿನಿಯರಿಂಗ್ ಕಾಲೇಜಿನ ಹುಡುಗರು. ಯಂತ್ರ ಗಾಳಿಯನ್ನು ಫಿಲ್ಟರ್ ಕಾಗದದ ಮೂಲಕ ಎಳೆಯುತ್ತದೆ, ಕಾಗದದ ತೂಕ ಏರಿದಷ್ಟೇ ಗಾಳಿಯಲ್ಲಿದ್ದ ದೂಳು. ಲಕ್ಷಗಟ್ಟಲೆ ಕೊಟ್ಟು ಈ ಯಂತ್ರ ತರುತ್ತಾರೆ, ಆಮೇಲೆ ಆ ಕಾಗದವನ್ನು ಬರಿಗೈಯಲ್ಲಿ ಹಿಡಿದು ತೂಗುತ್ತಾರೆ. ಅಂಕಿ ಕೆಡುವುದು ಹೆಚ್ಚಾಗಿ ಅಲ್ಲೇ.

ಮೊದಲು ಮಿತಿ ತಿಳಿದುಕೊಳ್ಳಿ

ಈಗ ಜಾರಿಯಲ್ಲಿರುವುದು 2009ರ ನವೆಂಬರ್ 18ರಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಹೊರಡಿಸಿದ ರಾಷ್ಟ್ರೀಯ ಮಾನದಂಡ. ಅದರಲ್ಲಿ 12 ಮಾಲಿನ್ಯಕಾರಕಗಳಿವೆ. ನಮ್ಮ ಭಾಗದಲ್ಲಿ ನಿತ್ಯ ಬೇಕಾಗುವವು ನಾಲ್ಕು. ಪಿಎಂ 10ಕ್ಕೆ, ಅಂದರೆ 10 ಮೈಕ್ರಾನಿನೊಳಗಿನ ದೂಳಿನ ಕಣಗಳಿಗೆ, 24 ಗಂಟೆಯ ಸರಾಸರಿ ಘನ ಮೀಟರಿಗೆ 100 ಮೈಕ್ರೋಗ್ರಾಂ, ವರ್ಷದ ಸರಾಸರಿ 60. ಇನ್ನೂ ಸಣ್ಣ, 2.5 ಮೈಕ್ರಾನಿನೊಳಗಿನ ಕಣಗಳಾದ ಪಿಎಂ 2.5ಕ್ಕೆ 60 ಮತ್ತು 40. ಗಂಧಕದ ಡೈಆಕ್ಸೈಡಿಗೆ 80 ಮತ್ತು 50, ಸಾರಜನಕದ ಡೈಆಕ್ಸೈಡಿಗೆ 80 ಮತ್ತು 40.

‘ನಮ್ಮದು ಕೈಗಾರಿಕಾ ಪ್ರದೇಶ, ನಮಗೆ ಮಿತಿ ಜಾಸ್ತಿ’ ಎನ್ನುವವರು ಇಂದಿಗೂ ಸಿಗುತ್ತಾರೆ. ಹಾಗಿದ್ದದ್ದು 1994ರ ಹಳೆಯ ಮಾನದಂಡದಲ್ಲಿ. ಈಗ ಕಾರ್ಖಾನೆ ಪ್ರದೇಶ, ಬಡಾವಣೆ, ಹಳ್ಳಿ ಎಲ್ಲಕ್ಕೂ ಮಿತಿ ಒಂದೇ. ಚಿಮಣಿಯೊಳಗಿನ ಹೊಗೆಗೆ ಇರುವ ಮಿತಿ ಬೇರೆಯೇ ಲೆಕ್ಕ, ಅದನ್ನು ಇಲ್ಲಿ ಬೆರೆಸಬೇಡಿ.

ಜಾಗ

ಗಾಳಿ ಎಳೆದುಕೊಳ್ಳುವ ಬಾಯಿ ನೆಲದಿಂದ 3ರಿಂದ 10 ಮೀಟರ್ ಎತ್ತರದಲ್ಲಿರಲಿ. ನಾಲ್ಕು ದಿಕ್ಕಿನಲ್ಲಿ ಮೂರಾದರೂ ತೆರೆದಿರಬೇಕು, ಗಿಡಮರದಿಂದ 20 ಮೀಟರ್ ದೂರ ಬೇಕು. ಪಕ್ಕದ ಗೋಡೆ ಯಂತ್ರಕ್ಕಿಂತ ಎಷ್ಟು ಎತ್ತರವಿದೆಯೋ ಅದರ ಎರಡು ಪಟ್ಟಿಗಿಂತ ಹೆಚ್ಚು ದೂರ ಸರಿಯಿರಿ. ಒಂದೆರಡು ಅಂತಸ್ತಿನ ಶಾಲೆ, ಪುರಸಭೆ ಕಟ್ಟಡದ ಮಾಳಿಗೆ ಚೆನ್ನ. ಆದರೆ ಅದೇ ಮಾಳಿಗೆಯಲ್ಲಿ ಜನರೇಟರಿನ ಕೊಳವೆ ಬಾಯಿಬಿಟ್ಟಿದ್ದರೆ, ಕೆಳಗೆ ಬಿಸಿಯೂಟದ ಒಲೆ ಉರಿಯುತ್ತಿದ್ದರೆ ಬೇರೆ ಮಾಳಿಗೆ ಹುಡುಕಿ.

ಕೂಡಗಿಯ ಉಷ್ಣ ವಿದ್ಯುತ್ ಸ್ಥಾವರದಂಥ ದೊಡ್ಡ ಮೂಲದ ಸುತ್ತ ಅಳೆಯುವುದಾದರೆ ಒಂದು ಜಾಗ ಸಾಲದು. ಹೆಚ್ಚೂಕಡಿಮೆ 120 ಡಿಗ್ರಿ ಅಂತರದಲ್ಲಿ ಮೂರು ಕಡೆ ಯಂತ್ರ ಇಡಿ. ಮುಂಗಾರಿನಲ್ಲಿ ಪಡುವಣದಿಂದ ಬೀಸುವ ಗಾಳಿ ಚಳಿಗಾಲದಲ್ಲಿ ಮೂಡಣಕ್ಕೆ ತಿರುಗುತ್ತದೆ. ಜುಲೈಯಲ್ಲಿ ಹೊಗೆ ಹೋಗುವ ದಿಕ್ಕಿನಲ್ಲಿದ್ದ ಊರು ಜನವರಿಯಲ್ಲಿ ಅದರ ಬೆನ್ನಿಗಿರುತ್ತದೆ.

ಕಾಗದ: ಇಲ್ಲಿ ಅವಸರ ಬೇಡ

ಪಿಎಂ 10 ಸ್ಯಾಂಪ್ಲರಿಗೆ 8 ಇಂಚು ಅಗಲ, 10 ಇಂಚು ಉದ್ದದ ಗ್ಲಾಸ್ ಫೈಬರ್ ಹಾಳೆ ಬೇಕು. ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿ. ಸೂಜಿಮೊನೆಯಷ್ಟು ತೂತು ಕಂಡರೂ ಬದಿಗಿಡಿ. ಹಾಳೆಯ ನಂಬರನ್ನು ತೂಗುವ ಮೊದಲೇ ಅಂಚಿನ ಮೂಲೆಯಲ್ಲಿ ಬರೆಯಿರಿ. ತೂಗಿದ ಮೇಲೆ ಬರೆದರೆ ಶಾಯಿಯ ತೂಕವೂ ದೂಳಿನ ಲೆಕ್ಕಕ್ಕೆ ಬೀಳುತ್ತದೆ.

ಮುಂದಿನದು ಹಾಳೆಯನ್ನು ಹದಕ್ಕೆ ತರುವುದು. 20ರಿಂದ 30 ಡಿಗ್ರಿ ಉಷ್ಣತೆ, ಶೇ 40ರಿಂದ 50 ತೇವಾಂಶದ ಕೋಣೆಯಲ್ಲಿ 24 ಗಂಟೆ ಇಡಬೇಕು. ಅಂಥ ಕೋಣೆ ಇಲ್ಲದವರು ಗಾಳಿಯಾಡದ ಡೆಸಿಕೇಟರಿನಲ್ಲಿ (ತೇವ ಹೀರುವ ಮುಚ್ಚಿದ ಪಾತ್ರೆ) ಅಷ್ಟೇ ಹೊತ್ತು ಇಡಲಿ. ಅದರೊಳಗಿನ ಸಿಲಿಕಾ ಜೆಲ್ ಬಣ್ಣ ದಿನಾ ನೋಡಿ: ನೀಲಿ ಜೆಲ್ ಗುಲಾಬಿಯಾದರೆ, ಕಿತ್ತಳೆ ಜೆಲ್ ಹಸಿರಾದರೆ ಅದು ತೇವ ಕುಡಿದು ಮುಗಿಸಿದೆ ಎಂದರ್ಥ. ಕೊಳ್ಳುವುದಾದರೆ ಕಿತ್ತಳೆಯನ್ನೇ ಕೊಳ್ಳಿ. ನೀಲಿಯಲ್ಲಿರುವ ಕೋಬಾಲ್ಟ್ ಆರೋಗ್ಯಕ್ಕೆ ಒಳ್ಳೆಯದಲ್ಲ.

ಯಂತ್ರ ಓಡಿದ ಮೇಲೂ ಹಾಳೆಯನ್ನು ಮತ್ತೆ ಅದೇ ಹದದಲ್ಲಿ 24 ಗಂಟೆ ಇಟ್ಟು, ಅದೇ ತಕ್ಕಡಿಯಲ್ಲಿ ತೂಗಬೇಕು. ಈ ಎರಡನೇ ಸಲದ ಹದವನ್ನೇ ಬಹಳ ಜನ ಬಿಟ್ಟುಬಿಡುತ್ತಾರೆ. ಬೆಳಗಾವಿಯ ಮಳೆಗಾಲದಲ್ಲಿ ಇದು ದೊಡ್ಡ ತಪ್ಪು. ಗಾಜಿನ ನಾರಿಗಿಂತ ಅದರ ಮೇಲೆ ಕೂತ ದೂಳಿನಲ್ಲಿರುವ ಸಲ್ಫೇಟ್, ನೈಟ್ರೇಟ್ ಉಪ್ಪುಗಳು ತೇವವನ್ನು ಜಾಸ್ತಿ ಹೀರುತ್ತವೆ. ನೀವು ತೂಗುವ ‘ದೂಳಿನಲ್ಲಿ’ ನೀರೂ ಸೇರಿರುತ್ತದೆ.

ಎಷ್ಟು ವ್ಯತ್ಯಾಸವಾದೀತು? ನಿಮಿಷಕ್ಕೆ 1.1 ಘನ ಮೀಟರಿನಂತೆ 8 ಗಂಟೆ, ಅಂದರೆ 480 ನಿಮಿಷ ಓಡಿದರೆ ಒಳಹೋಗುವ ಗಾಳಿ 528 ಘನ ಮೀಟರ್. ಆ ಪಾಳಿಯಲ್ಲಿ ಹಾಳೆಯ ತೂಕ 0.0528 ಗ್ರಾಂ ಏರಿದ್ದರೆ ಪಿಎಂ 10 ಸರಿಯಾಗಿ 100. ಐದು ಮಿಲಿಗ್ರಾಂ ತೇವ ಸೇರಿತೆಂದರೆ 109 ದಾಟಿತು. ಪಿಎಂ 2.5ರಲ್ಲಿ ಇನ್ನೂ ಸೂಕ್ಷ್ಮ. ಆ ಯಂತ್ರ ನಿಮಿಷಕ್ಕೆ 16.7 ಲೀಟರಿನಂತೆ ದಿನಕ್ಕೆ 24 ಘನ ಮೀಟರ್ ಗಾಳಿ ಎಳೆಯುತ್ತದೆ. 60ರ ಮಿತಿಗೆ ತಕ್ಕ ದೂಳು ಬರೀ 1.44 ಮಿಲಿಗ್ರಾಂ. ಬೆರಳಿನ ಜಿಡ್ಡು ತಾಗಿದರೂ ಲೆಕ್ಕ ಕೆಟ್ಟಿತು. ಈ ಕೆಲಸಕ್ಕೆ ಒಂದು ಮೈಕ್ರೋಗ್ರಾಂ ತೋರಿಸುವ ತಕ್ಕಡಿಯೇ ಬೇಕು. ಸಾಮಾನ್ಯ ಲ್ಯಾಬ್ ತಕ್ಕಡಿಯಲ್ಲಿ ಪಿಎಂ 2.5 ತೂಗಿದ ವರದಿಯನ್ನು ಒಪ್ಪಿಕೊಳ್ಳಬೇಡಿ.

ವಿಜಯಪುರದ ಬೇಸಿಗೆಯಲ್ಲಿ ತೊಂದರೆ ಬೇರೆ ಥರದ್ದು. ಒಣಹವೆಗೆ ಪಿಎಂ 2.5ರ ಟೆಫ್ಲಾನ್ ಫಿಲ್ಟರಿನಲ್ಲಿ ಸ್ಥಿರ ವಿದ್ಯುತ್ ಕೂತು ತಕ್ಕಡಿಯ ಅಂಕಿ ನಿಲ್ಲುವುದೇ ಇಲ್ಲ. ತೂಗುವ ಮೊದಲು ಅಯೊನೈಸರ್ ಮುಂದೆ ಹಿಡಿದು ಆ ವಿದ್ಯುತ್ ಕಳೆಯಬೇಕು.

ಹಾಳೆ ಕೂರಿಸುವಾಗ ಚಿಮಟಿ, ಕೈಗವಸು ಬಳಸಿ. ತಿರುಪುಗಳನ್ನು ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಬಿಗಿಮಾಡಿ. ವಿಪರೀತ ಬಿಗಿದರೆ ಕಾಗದದ ಚೂರು ಗ್ಯಾಸ್ಕೆಟ್ಟಿಗೆ ಅಂಟಿ ಉಳಿಯುತ್ತದೆ, ತೂಕ ಕಡಿಮೆ ಬರುತ್ತದೆ. ಸಡಿಲ ಬಿಟ್ಟರೆ ಅಂಚಿನಿಂದ ಗಾಳಿ ಸೋರುತ್ತದೆ. ಸೋರಿದೆಯೋ ಇಲ್ಲವೋ ಎಂದು ತೆಗೆದ ಹಾಳೆಯೇ ಹೇಳುತ್ತದೆ: ನಡುವಿನ ಕಪ್ಪು, ಅಂಚಿನ ಬಿಳುಪು ಗೆರೆ ಎಳೆದಂತೆ ಬೇರೆಯಾಗಿರಬೇಕು. ಗೆರೆ ಹರಡಿಕೊಂಡಿದ್ದರೆ ಆ ಮಾದರಿ ರದ್ದು. ಸರಿಯಿದ್ದರೆ ದೂಳಿನ ಮುಖ ಒಳಗಾಗುವಂತೆ ಮಡಚಿ ಲಕೋಟೆಗೆ ಹಾಕಿ.

ಪ್ರತಿ ಕಂತಿನಲ್ಲೂ ಒಂದು ಹಾಳೆಯನ್ನು ಜಾಗಕ್ಕೆ ಒಯ್ದು, ಯಂತ್ರಕ್ಕೆ ಕೂರಿಸಿ, ಓಡಿಸದೆ ವಾಪಸ್ ತನ್ನಿ. ಅದರ ತೂಕ ಬದಲಾಗಿದ್ದರೆ ನಿಮ್ಮ ಕೈಕೆಲಸದಲ್ಲೇ ದೋಷವಿದೆ.

ಯಂತ್ರ ಓಡಿಸುವುದು

ಬೆಳಿಗ್ಗೆ 6ರಿಂದ 2, 2ರಿಂದ 10, 10ರಿಂದ ಮರುದಿನ 6, ಹೀಗೆ ಮೂರು ಪಾಳಿಗೆ ಮೂರು ಹಾಳೆ. ದೂಳು ತುಂಬಿದಂತೆ ಹರಿವು ಇಳಿಯುತ್ತದೆ, ಆದ್ದರಿಂದ ಮೊದಲಿನ ಅಂಕಿಯನ್ನೇ ಇಡೀ ಪಾಳಿಗೆ ಹಚ್ಚಬೇಡಿ. ಗಂಟೆಗೊಮ್ಮೆ ಬರೆದು ಸರಾಸರಿ ತೆಗೆಯಿರಿ. ಕರೆಂಟು ಹೋಗಿಬಂದರೆ ಗಡಿಯಾರ ನಂಬದೆ ಯಂತ್ರದ ಟೈಮರ್ ನೋಡಿ. ಕಾರ್ಬನ್ ಬ್ರಶ್ ಇರುವ ಅಗ್ಗದ ಬ್ಲೋವರ್ ಬೇಡ. ಬ್ರಶ್ ಸವೆದು ಅದರ ಕಪ್ಪು ಪುಡಿ ನೀವು ಅಳೆಯುವ ಗಾಳಿಗೇ ಸೇರುತ್ತದೆ.

ಅನಿಲಗಳಿಗೆ ನಾಲ್ಕು ಗಂಟೆಗೊಂದು ಮಾದರಿ. ಗಾಳಿಯನ್ನು ದ್ರಾವಣದೊಳಗೆ ಹಾಯಿಸುವ ಗಾಜಿನ ಕೊಳವೆಗಳ, ಅಂದರೆ ಇಂಪಿಂಜರ್‌ಗಳ, ಪೆಟ್ಟಿಗೆಯಲ್ಲಿ ಐಸ್ ಇರಲೇಬೇಕು, ದ್ರಾವಣ ಆವಿಯಾದಷ್ಟನ್ನು ಡಿಸ್ಟಿಲ್ಡ್ ನೀರಿನಿಂದ ಗುರುತಿನವರೆಗೆ ತುಂಬಿ. ಗಂಧಕದ ಡೈಆಕ್ಸೈಡಿನ ದ್ರಾವಣದಲ್ಲಿ ಪಾದರಸ, ಸಾರಜನಕದ್ದರಲ್ಲಿ ಆರ್ಸೆನಿಕ್ ಇರುತ್ತದೆ. ಬಳಸಿದ್ದನ್ನು ಸಿಂಕಿಗೆ ಸುರಿಯುವುದು ಅಪರಾಧಕ್ಕೆ ಸಮ. ಬೇರೆ ಕ್ಯಾನಿನಲ್ಲಿ ಕೂಡಿಟ್ಟು ಅಪಾಯಕಾರಿ ತ್ಯಾಜ್ಯವಾಗಿಯೇ ವಿಲೇವಾರಿ ಮಾಡಿ.

ಮಿತಿಯೊಂದಿಗೆ ತಾಳೆ

ಮೂರು ಪಾಳಿಗಳ ದೂಳನ್ನು ಕೂಡಿಸಿ, ಮೂರು ಪಾಳಿಗಳ ಒಟ್ಟು ಗಾಳಿಯಿಂದ ಭಾಗಿಸಿದರೆ ದಿನದ ಅಂಕಿ. ವರ್ಷದ ಸರಾಸರಿಗೆ ವಾರಕ್ಕೆರಡು ದಿನದಂತೆ ಕನಿಷ್ಠ 104 ಮಾಪನ ಬೇಕು. ಅವುಗಳಲ್ಲಿ ಶೇ 98 ದಿನದ ಮಿತಿಯೊಳಗಿರಬೇಕು. ಅಂದರೆ 104ರಲ್ಲಿ ಎರಡು ದಿನ ಮೀರಬಹುದು, ಅದೂ ಬೆನ್ನುಬೆನ್ನಿಗೆ ಬರುವ ಎರಡು ಮಾಪನಗಳಲ್ಲಿ ಆಗುವಂತಿಲ್ಲ. ಮಳೆ ಬಂದ ದಿನ, ಕಾರ್ಖಾನೆ ರಜೆಯ ದಿನ ನೋಡಿ ಯಂತ್ರ ಹಚ್ಚುವ ಅಭ್ಯಾಸ ಮೋಸ. ಪಕ್ಕದ ಊರಿನ ಮಕ್ಕಳು ಆ ಗಾಳಿಯನ್ನೇ ಉಸಿರಾಡುತ್ತಾರೆ. ದಿನಗಳನ್ನು ವರ್ಷಾರಂಭಕ್ಕೇ ಗೊತ್ತುಮಾಡಿ, ಬದಲಿಸಬೇಡಿ.

ಬೆಳಗಾವಿಯ ರಾಮತೀರ್ಥನಗರ, ಬಾಗಲಕೋಟೆಯ ವಿದ್ಯಾಗಿರಿ, ವಿಜಯಪುರದ ಇಬ್ರಾಹಿಂಪುರದಲ್ಲಿ ರಾಜ್ಯ ಮಂಡಳಿಯ ಸ್ವಯಂಚಾಲಿತ ಕೇಂದ್ರಗಳಿವೆ, ಅವುಗಳ ಅಂಕಿ ಕೇಂದ್ರ ಮಂಡಳಿಯ ಜಾಲತಾಣದಲ್ಲಿ ಸಿಗುತ್ತದೆ. ಅಲ್ಲಿ ಕಾಣುವ ವಾಯು ಗುಣಮಟ್ಟ ಸೂಚ್ಯಂಕವನ್ನು ಮೈಕ್ರೋಗ್ರಾಂ ಎಂದು ತಿಳಿಯಬೇಡಿ. ಪಿಎಂ 2.5 ಪ್ರಮಾಣ 60 ಆದಾಗ ಅದರ ಸೂಚ್ಯಂಕ 100 ಆಗುತ್ತದೆ, 90 ಆದಾಗ 200. ಯಾವುದೋ ಒಂದು ಗಂಟೆಯ ಅಂಕಿಯನ್ನು 24 ಗಂಟೆಯ ಮಿತಿಯ ಪಕ್ಕ ಇಟ್ಟು ‘ಮೀರಿತು’, ‘ಮೀರಲಿಲ್ಲ’ ಎನ್ನುವುದೂ ತಪ್ಪು.

ಆನ್‌ಲೈನಿನಲ್ಲಿ ಕೆಲವೇ ಸಾವಿರಕ್ಕೆ ಸಿಗುವ ಅಂಗೈ ಅಗಲದ ಸೆನ್ಸರುಗಳು ಕಣಗಳನ್ನು ತೂಗುವುದಿಲ್ಲ, ಅವುಗಳಿಂದ ಚದುರುವ ಬೆಳಕನ್ನು ನೋಡಿ ಅಂದಾಜು ಮಾಡುತ್ತವೆ. ತೇವ ಜಾಸ್ತಿಯಾದರೆ ಅಂಕಿ ಉಬ್ಬುತ್ತದೆ. ಕಲ್ಲಿನ ದಪ್ಪ ದೂಳು ಅವಕ್ಕೆ ಸರಿಯಾಗಿ ಕಾಣುವುದೇ ಇಲ್ಲ, ಹಾಗಾಗಿ ಖಡಿ ಮಷೀನಿನ ಪಕ್ಕ ಅವು ತೋರಿಸುವ ಪಿಎಂ 10 ನಂಬಬೇಡಿ. ಬೆಳಿಗ್ಗೆಗಿಂತ ಸಂಜೆ ಜಾಸ್ತಿಯೋ ಕಡಿಮೆಯೋ ಎಂದು ತಿಳಿಯಲು ಸಾಕು, ಮಂಡಳಿಗೆ ದೂರು ಬರೆಯಲು ಸಾಲದು. ದೂರು ಕೊಡುವುದಿದ್ದರೆ ಹಾಳೆಯ ನಂಬರು, ಎರಡೂ ತೂಕ, ಗಂಟೆಗಂಟೆಯ ಹರಿವು, ಟೈಮರಿನ ಓಟ, ಆ ದಿನದ ಗಾಳಿಯ ದಿಕ್ಕು, ಇಷ್ಟೂ ಇರುವ ದಾಖಲೆಯ ನಕಲನ್ನು ಅರ್ಜಿಗೆ ಲಗತ್ತಿಸಿ.