ಯೋಕ್ಟೋ ಬಿಲ್ಡ್ ಕೈಪಿಡಿಯನ್ನು ಹೊಸ ಆವೃತ್ತಿಗೆ ಹೊಂದಿಸುವ ಕ್ರಮ

ಎಂಬೆಡೆಡ್ ಸಾಧನಗಳಿಗೆ ಲಿನಕ್ಸ್ ಕಟ್ಟಿಕೊಳ್ಳಲು ಬಳಸುವ ಯೋಕ್ಟೋ ಪ್ರಾಜೆಕ್ಟ್ ಸಾಮಾನ್ಯವಾಗಿ ಏಪ್ರಿಲ್ ಮತ್ತು ಅಕ್ಟೋಬರ್ ತಿಂಗಳಲ್ಲಿ ಹೊಸ ಆವೃತ್ತಿಯನ್ನು ಬಿಡುಗಡೆ ಮಾಡುತ್ತದೆ. 2020ರ ಡನ್‌ಫೆಲ್, 2022ರ ಕರ್ಕ್‌ಸ್ಟೋನ್, 2024ರ ಸ್ಕಾರ್ತ್‌ಗ್ಯಾಪ್ ದೀರ್ಘಾವಧಿ ಬೆಂಬಲವುಳ್ಳ ಆವೃತ್ತಿಗಳಾದ್ದರಿಂದ ಉತ್ಪನ್ನ ತಯಾರಿಸುವ ಬಹುತೇಕ ತಂಡಗಳು ಇವುಗಳ ನಡುವೆಯೇ ಸಾಗುತ್ತವೆ. ಹಾಗೆ ಸಾಗುವಾಗ ರೆಸಿಪಿಗಳು (ಒಂದೊಂದು ತಂತ್ರಾಂಶವನ್ನು ಕಟ್ಟುವ ಸೂಚನೆಯ ಫೈಲ್‌ಗಳು), ಅವನ್ನು ಗುಂಪಾಗಿಸುವ ಲೇಯರ್‌ಗಳು ಬದಲಾಗುತ್ತವೆ, ಆದರೆ ಹೊಸದಾಗಿ ಸೇರಿದವರಿಗೆಂದು ಬರೆದಿಟ್ಟ ಕೈಪಿಡಿ ಮಾತ್ರ ಹಳೆಯ ಆವೃತ್ತಿಯಲ್ಲೇ ಉಳಿದಿರುತ್ತದೆ. ಡನ್‌ಫೆಲ್ ಕಾಲದಲ್ಲಿ ಬರೆದ ಅಂತಹ ಒಂದು ಬಿಲ್ಡ್ ಮತ್ತು ಟೆಸ್ಟ್ ಕೈಪಿಡಿಯನ್ನು ಸ್ಕಾರ್ತ್‌ಗ್ಯಾಪ್‌ಗೆ ತರುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ. ಈ ಕ್ರಮಕ್ಕೆಲ್ಲ ಆಧಾರವಾದ ನಿಯಮ ಒಂದೇ: ಓಡಿಸಿ ನೋಡದ ಯಾವ ಕಮಾಂಡ್ ಅನ್ನೂ ಪುಟದಲ್ಲಿ ಉಳಿಸಬಾರದು.

ಖಾಲಿ ಯಂತ್ರದಿಂದ ಆರಂಭಿಸಿ

ಮೊದಲು ಬರೆಯಲು ಕೂರಬೇಡಿ. ಹಳೆಯ ಪುಟವನ್ನು ತೆರೆದು, ಅದರಲ್ಲಿರುವುದನ್ನು ಅಕ್ಷರಶಃ ಪಾಲಿಸಿ. ಇದನ್ನು ನಿಮ್ಮ ದಿನನಿತ್ಯದ ಯಂತ್ರದಲ್ಲಿ ಮಾಡಿದರೆ ಪ್ರಯೋಜನವಿಲ್ಲ. ಅಲ್ಲಿ ಬೇಕಾದ ಪ್ಯಾಕೇಜ್‌ಗಳೆಲ್ಲ ಎಂದೋ ಇನ್‌ಸ್ಟಾಲ್ ಆಗಿರುತ್ತವೆ, ಗಿಟ್‌ಗೆ ಪ್ರಾಕ್ಸಿ ಹೊಂದಿಸಿರುತ್ತದೆ. ಅದಕ್ಕಿಂತ ಹೆಚ್ಚಾಗಿ, ಡೌನ್‌ಲೋಡ್ಸ್ (ತಂದಿಟ್ಟ ಸೋರ್ಸ್) ಮತ್ತು ಎಸ್‌ಸ್ಟೇಟ್-ಕ್ಯಾಶ್ (ಹಿಂದಿನ ಬಿಲ್ಡ್‌ನ ಫಲಿತಾಂಶ) ಫೋಲ್ಡರ್‌ಗಳು ತುಂಬಿರುವುದರಿಂದ, ಯೋಕ್ಟೋದ ಬಿಲ್ಡ್ ಸಾಧನವಾದ ಬಿಟ್‌ಬೇಕ್ ಎಷ್ಟೋ ಕೆಲಸವನ್ನು ಮಾಡದೆಯೇ ಮುಂದೆ ಸಾಗುತ್ತದೆ. ಸೋರ್ಸ್ ಸಿಗುತ್ತಿದ್ದ ವಿಳಾಸ ಮುಚ್ಚಿಹೋಗಿದ್ದರೂ ನಿಮ್ಮಲ್ಲಿ ಬಿಲ್ಡ್ ಯಶಸ್ವಿಯಾಗುತ್ತದೆ, ಓದುಗನಲ್ಲಿ ಸೋರ್ಸ್ ತರುವ ಫೆಚ್ ಹಂತದಲ್ಲೇ ನಿಲ್ಲುತ್ತದೆ. 2022ರ ಮಾರ್ಚ್‌ನಲ್ಲಿ ಗಿಟ್‌ಹಬ್ ಗೂಢಲಿಪೀಕರಣವಿಲ್ಲದ ಗಿಟ್ ಪ್ರೋಟೋಕಾಲ್ ಅನ್ನು ನಿಲ್ಲಿಸಿದಾಗ ಹಳೆಯ ರೆಸಿಪಿಗಳು ಕೆಟ್ಟದ್ದು ಹೀಗೆಯೇ; ಕ್ಯಾಶ್ ಇದ್ದವರಿಗೆ ಅದು ತಿಳಿಯಲೇ ಇಲ್ಲ. ಆದ್ದರಿಂದ ಕೈಪಿಡಿಯಲ್ಲಿ ಹೆಸರಿಸಿದ ಡಿಸ್ಟ್ರಿಬ್ಯೂಷನ್‌ನ ಖಾಲಿ ಕಂಟೇನರ್ ಅಥವಾ ವರ್ಚುವಲ್ ಯಂತ್ರವನ್ನು ತೆಗೆದುಕೊಂಡು, ಎರಡೂ ಫೋಲ್ಡರ್‌ಗಳನ್ನು ಬರಿದಾಗಿಟ್ಟು ಆರಂಭಿಸಿ.

ಪುಟದಲ್ಲಿ ಇಲ್ಲದ ಒಂದು ಹೆಜ್ಜೆಯನ್ನು ಅನುಭವದ ಬಲದಿಂದ ಹಾಕಬೇಕಾಗಿ ಬಂದರೆ ಅಲ್ಲೇ ನಿಂತು ಅದನ್ನು ಟಿಪ್ಪಣಿ ಮಾಡಿಕೊಳ್ಳಿ, ಎರರ್ ಸಂದೇಶವನ್ನು ಇದ್ದ ಹಾಗೆಯೇ ನಕಲಿಸಿಟ್ಟುಕೊಳ್ಳಿ. ಖಾಲಿ ಉಬುಂಟು ಕಂಟೇನರ್‌ನಲ್ಲಿ ಸಾಮಾನ್ಯವಾಗಿ ಎದುರಾಗುವ ತಡೆಗಳು ಇವು: ರೂಟ್ ಬಳಕೆದಾರನಾಗಿ ಓಡಿಸಿದರೆ ಬಿಟ್‌ಬೇಕ್ ನಿರಾಕರಿಸುತ್ತದೆ, ಯುಟಿಎಫ್-8ರ ಅಮೆರಿಕನ್ ಇಂಗ್ಲಿಷ್ ಲೊಕೇಲ್ (ಭಾಷೆ ಮತ್ತು ಅಕ್ಷರಗಳ ಸೆಟ್ಟಿಂಗ್) ಇಲ್ಲದಿದ್ದರೆ ಮುಂದುವರಿಯುವುದಿಲ್ಲ. ಉಬುಂಟು 24.04ರಲ್ಲಿ ಇವುಗಳ ಜೊತೆಗೆ ಆಪ್‌ಆರ್ಮರ್ ಎಂಬ ಭದ್ರತಾ ವ್ಯವಸ್ಥೆಯ ನಿರ್ಬಂಧವೂ ಸೇರಿಕೊಂಡು, ಬಿಟ್‌ಬೇಕ್‌ಗೆ ಬೇಕಾದ ಯೂಸರ್ ನೇಮ್‌ಸ್ಪೇಸ್ (ಪ್ರಕ್ರಿಯೆಗಳನ್ನು ಪ್ರತ್ಯೇಕವಾಗಿಡುವ ಕರ್ನಲ್ ಸೌಲಭ್ಯ) ಸಿಗದಂತಾಗುತ್ತದೆ. ಅನುಭವಿಗಳು ಇವನ್ನು ಒಂದು ನಿಮಿಷದಲ್ಲಿ ಸರಿಪಡಿಸಿ ಮರೆತುಬಿಡುತ್ತಾರೆ; ಹೊಸಬರು ಮೊದಲ ದಿನವನ್ನೇ ಇದರಲ್ಲಿ ಕಳೆಯುತ್ತಾರೆ. ಕೈಪಿಡಿ ಇರುವುದು ಹೊಸಬರಿಗಾಗಿ.

ಡಿಸ್ಕ್ ಮತ್ತು ಮೆಮೊರಿಯ ಅಂಕಿಗಳನ್ನೂ ನೋಡಿಕೊಳ್ಳಿ. ಯೋಕ್ಟೋದ ಅಧಿಕೃತ ಕೈಪಿಡಿ ಡನ್‌ಫೆಲ್ ಕಾಲದಲ್ಲಿ 50 ಜಿಬಿ ಖಾಲಿ ಜಾಗ ಕೇಳುತ್ತಿತ್ತು. ಅದು ಮುಂದೆ 90ಕ್ಕೆ, ಆಮೇಲೆ 140ಕ್ಕೆ ಏರಿತು. ಬಿಲ್ಡ್‌ಗೆ ತಗಲುವ ಸಮಯವನ್ನು ಬರೆಯುವುದಾದರೆ ಎಷ್ಟು ಕೋರ್‌ಗಳ ಯಂತ್ರ, ಕ್ಯಾಶ್ ಇತ್ತೇ ಎಂಬುದನ್ನೂ ಬರೆಯಿರಿ, ಇಲ್ಲವಾದರೆ ಸಮಯದ ಮಾತನ್ನೇ ಬಿಟ್ಟುಬಿಡಿ.

ಬದಲಾವಣೆಗಳನ್ನು ಹುಡುಕುವುದು

ಯೋಕ್ಟೋ ಪ್ರತಿ ಆವೃತ್ತಿಯೊಂದಿಗೂ ಮೈಗ್ರೇಷನ್ ಗೈಡ್ ಪ್ರಕಟಿಸುತ್ತದೆ. ಡನ್‌ಫೆಲ್‌ನಿಂದ ಸ್ಕಾರ್ತ್‌ಗ್ಯಾಪ್‌ಗೆ ಬರುವವರು ಕೊನೆಯದನ್ನಷ್ಟೇ ಓದಿದರೆ ಸಾಲದು, ನಡುವಿನ ಎಲ್ಲವನ್ನೂ ಓದಬೇಕು. ಅವುಗಳಲ್ಲಿ ಕೈಪಿಡಿಯನ್ನು ಹೆಚ್ಚು ಬಾಧಿಸುವುದು 2021ರ ಅಕ್ಟೋಬರ್‌ನ ಹೋನಿಸ್ಟರ್ ಆವೃತ್ತಿಯಲ್ಲಿ ಬಂದ ಬದಲಾವಣೆ. ಅಲ್ಲಿಯವರೆಗೆ ವೇರಿಯಬಲ್ ಹೆಸರಿನ ನಂತರ ಅಂಡರ್‌ಸ್ಕೋರ್ ಹಾಕಿ ಅಪೆಂಡ್ (ಕೊನೆಗೆ ಸೇರಿಸು), ಪ್ರಿಪೆಂಡ್ (ಮೊದಲಿಗೆ ಸೇರಿಸು), ರಿಮೂವ್ (ತೆಗೆ) ಎಂದು ಬರೆಯುತ್ತಿದ್ದೆವು; ಅಂದಿನಿಂದ ಅದೇ ಜಾಗದಲ್ಲಿ ಕೋಲನ್ ಬರಬೇಕು. ಲೇಯರ್‌ಗಳನ್ನು ಪರಿವರ್ತಿಸಲು ಪ್ರಾಜೆಕ್ಟ್ ಒಂದು ಸ್ಕ್ರಿಪ್ಟ್ ಕೊಟ್ಟಿದೆ, ಆದರೆ ನಿಮ್ಮ ಕೈಪಿಡಿಯ ಉದಾಹರಣೆಗಳು ಆ ಲೇಯರ್‌ಗಳ ಹೊರಗಿರುವುದರಿಂದ ಅವನ್ನು ನೀವೇ ಹುಡುಕಿ ತಿದ್ದಬೇಕು.

ಇಲ್ಲಿ ವಿಶೇಷ ಎಚ್ಚರ ಬೇಕು. ಹಳೆಯ ರೀತಿಯ ಅಪೆಂಡ್ ಕಂಡರೆ ಹೊಸ ಬಿಟ್‌ಬೇಕ್ ಎರರ್ ಕೊಟ್ಟು ನಿಲ್ಲುತ್ತದೆ, ಆದ್ದರಿಂದ ಆ ತಪ್ಪು ಬೇಗ ಸಿಕ್ಕಿಬೀಳುತ್ತದೆ. ಆದರೆ ವೇರಿಯಬಲ್‌ಗೆ ಅಂಡರ್‌ಸ್ಕೋರ್ ಮೂಲಕ ಮೆಷೀನ್ (ಬಿಲ್ಡ್‌ನ ಗುರಿಯಾದ ಬೋರ್ಡ್) ಹೆಸರನ್ನು ಅಂಟಿಸಿದ ಸಾಲು ಹಾಗಲ್ಲ. ಬಿಟ್‌ಬೇಕ್ ಅದನ್ನು ಬೇರೊಂದು ವೇರಿಯಬಲ್ ಎಂದು ಭಾವಿಸಿ ಸುಮ್ಮನಿರುತ್ತದೆ. ಬಿಲ್ಡ್ ಮುಗಿಯುತ್ತದೆ, ಬೋರ್ಡ್‌ಗೆ ಬರೆಯುವ ಇಮೇಜ್ ತಯಾರಾಗುತ್ತದೆ, ಬೋರ್ಡ್‌ಗೆ ಬೇಕಾದ ಸೆಟ್ಟಿಂಗ್ ಮಾತ್ರ ಅದರಲ್ಲಿ ಇರುವುದಿಲ್ಲ. ಇಂತಹ ಸಾಲುಗಳನ್ನು ತಿದ್ದಿದ ಬಳಿಕ ಬಿಟ್‌ಬೇಕ್‌ನ ಎನ್ವಿರಾನ್‌ಮೆಂಟ್ ಔಟ್‌ಪುಟ್ ತೆಗೆದು ಅಂತಿಮ ಮೌಲ್ಯವನ್ನು ಕಣ್ಣಾರೆ ನೋಡುವುದೊಂದೇ ಭರವಸೆಯ ದಾರಿ.

ಕರ್ಕ್‌ಸ್ಟೋನ್‌ನಲ್ಲಿ ಬಂದ ಎರಡು ಬದಲಾವಣೆಗಳೂ ಪುಟಕ್ಕೆ ಸೇರಬೇಕು. ಹಲವು ವೇರಿಯಬಲ್‌ಗಳ ಹೆಸರು ಬದಲಾಗಿದೆ. ಉದಾಹರಣೆಗೆ ಲೈಸೆನ್ಸ್ ಫ್ಲ್ಯಾಗ್ಸ್ ವೈಟ್‌ಲಿಸ್ಟ್ ಈಗ ಲೈಸೆನ್ಸ್ ಫ್ಲ್ಯಾಗ್ಸ್ ಆಕ್ಸೆಪ್ಟೆಡ್. ಫೆಚ್ ಹೊರತುಪಡಿಸಿ ಉಳಿದ ಟಾಸ್ಕ್‌ಗಳಿಗೆ (ಬಿಲ್ಡ್ ಹಂತಗಳಿಗೆ) ನೆಟ್‌ವರ್ಕ್ ಕೂಡ ತಾನಾಗಿ ಸಿಗುವುದಿಲ್ಲ, ಹಾಗಾಗಿ ಕಂಪೈಲ್ ಹಂತದಲ್ಲಿ ಪಿಪ್ ಅಥವಾ ಎನ್‌ಪಿಎಂ ಮೂಲಕ ಏನನ್ನಾದರೂ ತರಿಸುವ ಉದಾಹರಣೆ ನಿಮ್ಮ ಪುಟದಲ್ಲಿದ್ದರೆ ಅದನ್ನು ತೆಗೆದುಹಾಕಿ.

ಪರೀಕ್ಷೆಯ ಅಧ್ಯಾಯ

ಬಿಲ್ಡ್ ಭಾಗವನ್ನು ಶ್ರದ್ಧೆಯಿಂದ ತಿದ್ದಿದವರೂ ಟೆಸ್ಟ್ ಭಾಗವನ್ನು "ಬೋರ್ಡ್ ಬೂಟ್ ಆಗುವುದನ್ನು ಖಚಿತಪಡಿಸಿಕೊಳ್ಳಿ" ಎಂಬ ಒಂದು ಸಾಲಿಗೆ ಮುಗಿಸುತ್ತಾರೆ. ನನ್ನ ದೃಷ್ಟಿಯಲ್ಲಿ ಕೈಪಿಡಿಯ ಅತಿ ದುರ್ಬಲ ಜಾಗ ಇದೇ, ಹೆಚ್ಚಿನ ಸಮಯ ಇಲ್ಲಿಗೆ ಸಲ್ಲಬೇಕು. ಓದುಗನಿಗೆ ಮೊದಲು ಬೋರ್ಡ್ ಇಲ್ಲದೆಯೇ ಪರೀಕ್ಷಿಸುವ ದಾರಿ ತೋರಿಸಿ: ಇಮೇಜ್ ಕ್ಲಾಸಸ್ ವೇರಿಯಬಲ್‌ಗೆ ಟೆಸ್ಟ್‌ಇಮೇಜ್ ಸೇರಿಸಿ, ಕ್ಯುಎಮು (ಬೋರ್ಡ್ ಅನ್ನು ಅನುಕರಿಸುವ ಎಮ್ಯುಲೇಟರ್) ಮೆಷೀನ್‌ಗೆ ಇಮೇಜ್ ಬಿಲ್ಡ್ ಮಾಡಿ, ನಂತರ ಅದೇ ಇಮೇಜ್‌ನ ಟೆಸ್ಟ್‌ಇಮೇಜ್ ಟಾಸ್ಕ್ ಓಡಿಸುವುದು. ಸಾಮಾನ್ಯ ಕ್ರಮದಲ್ಲಿ ನೆಟ್‌ವರ್ಕ್‌ಗೆ ಟ್ಯಾಪ್ ಎಂಬ ವರ್ಚುವಲ್ ಸಾಧನ ಬೇಕಾಗುತ್ತದೆ, ಅದಕ್ಕೆ ಸುಡೋ (ರೂಟ್ ಅಧಿಕಾರದ) ಅನುಮತಿ ಬೇಕು. ಕಚೇರಿಯ ಹಂಚಿಕೆಯ ಸರ್ವರ್‌ಗಳಲ್ಲಿ ಅದು ಎಲ್ಲರಿಗೂ ಇರುವುದಿಲ್ಲವಾದ್ದರಿಂದ ಆ ಅನುಮತಿಯಿಲ್ಲದೆ ನೆಟ್‌ವರ್ಕ್ ಕೊಡುವ ಸ್ಲಿರ್ಪ್ ಆಯ್ಕೆಯನ್ನೂ ಪಕ್ಕದಲ್ಲೇ ಬರೆಯಿರಿ. ಕೆವಿಎಂ (ಹಾರ್ಡ್‌ವೇರ್ ನೆರವಿನ ವರ್ಚುವಲೈಸೇಷನ್) ಇಲ್ಲದ ಯಂತ್ರದಲ್ಲಿ ಕ್ಯುಎಮು ಬಹಳ ನಿಧಾನವಾಗುತ್ತದೆ ಎಂಬ ಸೂಚನೆಯೂ ಇರಲಿ.

ನಂತರ ನಿಜವಾದ ಬೋರ್ಡ್. ಟೆಸ್ಟ್ ಟಾರ್ಗೆಟ್ ಅನ್ನು ಸಿಂಪಲ್‌ರಿಮೋಟ್ ಎಂದು ಹೊಂದಿಸಿ, ಬೋರ್ಡ್‌ನ ಮತ್ತು ಹೋಸ್ಟ್ ಯಂತ್ರದ ಐಪಿ ವಿಳಾಸಗಳನ್ನು ಕೊಟ್ಟರೆ ಅವೇ ಟೆಸ್ಟ್‌ಗಳು ಎಸ್‌ಎಸ್‌ಎಚ್ ಮೂಲಕ ಬೋರ್ಡ್ ಮೇಲೆ ಓಡುತ್ತವೆ. ಆದರೆ ಸಿಂಪಲ್‌ರಿಮೋಟ್ ಇಮೇಜ್ ಅನ್ನು ಬೋರ್ಡ್‌ಗೆ ತಾನಾಗಿ ಬರೆಯುವುದಿಲ್ಲ. ಅದು ಈಗಾಗಲೇ ಚಾಲನೆಯಲ್ಲಿರುವ ವ್ಯವಸ್ಥೆಯನ್ನಷ್ಟೇ ಪರೀಕ್ಷಿಸುತ್ತದೆ. ಇದನ್ನು ದಪ್ಪ ಅಕ್ಷರದಲ್ಲಿ ಬರೆಯುವುದು ಅಗತ್ಯ, ಏಕೆಂದರೆ ನಿನ್ನೆಯ ಇಮೇಜ್ ಬೋರ್ಡ್‌ನಲ್ಲಿದ್ದರೂ ಇಂದಿನ ಬದಲಾವಣೆ ಪಾಸಾದಂತೆ ತೋರುತ್ತದೆ.

ಪ್ರತಿ ಹೆಜ್ಜೆಯ ಕೊನೆಯಲ್ಲಿ ಯಶಸ್ಸು ಹೇಗೆ ಕಾಣುತ್ತದೆ ಎಂಬುದನ್ನು ತೋರಿಸಿ. ಪಿಂಗ್ ಮತ್ತು ಎಸ್‌ಎಸ್‌ಎಚ್ ಟೆಸ್ಟ್‌ಗಳು ಪಾಸಾದ ಲಾಗ್‌ನ ಕೆಲವು ಸಾಲುಗಳನ್ನು ಪಠ್ಯವಾಗಿಯೇ ಹಾಕಿ, ಸ್ಕ್ರೀನ್‌ಶಾಟ್ ಬೇಡ. ಚಿತ್ರದೊಳಗಿನ ಸಾಲನ್ನು ಹುಡುಕಲಾಗದು, ನಕಲಿಸಲಾಗದು. ಅಗತ್ಯವಾದ ಪ್ಯಾಕೇಜ್ ಇಮೇಜ್‌ನಲ್ಲಿ ಇಲ್ಲದಿದ್ದರೆ ಟೆಸ್ಟ್ ಸ್ಕಿಪ್ ಆಗುತ್ತದೆ, ಆದ್ದರಿಂದ ಸ್ಕಿಪ್ ಆದದ್ದು ಪಾಸಾದದ್ದಲ್ಲ ಎಂಬುದನ್ನೂ ತಿಳಿಸಿ.

ಬರವಣಿಗೆ ಮತ್ತು ಒಪ್ಪಿಸುವಿಕೆ

ಯೋಕ್ಟೋದ ಅಧಿಕೃತ ದಾಖಲೆಗಳು 2020ರಲ್ಲಿ ಡಾಕ್‌ಬುಕ್ ಎಂಬ ದಾಖಲೆ ರೂಪದಿಂದ ಸ್ಫಿಂಕ್ಸ್ ಎಂಬ ದಾಖಲೆ ಕಟ್ಟುವ ಸಾಧನಕ್ಕೆ ಬಂದವು. ಅವರ ಎರಡು ಪದ್ಧತಿಗಳನ್ನು ನಿಮ್ಮ ತಂಡದಲ್ಲೂ ಅನುಸರಿಸಬಹುದು. ಆವೃತ್ತಿ ಸಂಖ್ಯೆಗಳಂತಹ ಪದೇ ಪದೇ ಬದಲಾಗುವ ವಿವರಗಳು ಒಂದೇ ಫೈಲ್‌ನಲ್ಲಿದ್ದು, ಪುಟಗಳು ಅಲ್ಲಿಂದ ಅವನ್ನು ಪಡೆಯುತ್ತವೆ. ಹೋಸ್ಟ್ ಪ್ಯಾಕೇಜ್‌ಗಳನ್ನು ಇನ್‌ಸ್ಟಾಲ್ ಮಾಡುವ ಕಮಾಂಡ್‌ಗಳು ಓಡಿಸಬಲ್ಲ ಸ್ಕ್ರಿಪ್ಟ್‌ಗಳಾಗಿದ್ದು, ಪುಟ ಆ ಸ್ಕ್ರಿಪ್ಟ್ ಅನ್ನೇ ಒಳಗೆ ಸೇರಿಸಿಕೊಳ್ಳುತ್ತದೆ. ಹಾಗಾಗಿ ಓದುಗ ನೋಡುವುದೂ ಪರೀಕ್ಷೆಯಲ್ಲಿ ಓಡುವುದೂ ಒಂದೇ ಪಠ್ಯ. ಪುಟಗಳನ್ನು ಕಟ್ಟುವಾಗ ವಾರ್ನಿಂಗ್‌ಗಳನ್ನು ಎರರ್ ಎಂದೇ ಪರಿಗಣಿಸಿ, ಸ್ಫಿಂಕ್ಸ್‌ನ ಲಿಂಕ್‌ಚೆಕ್ ಅನ್ನೂ ಒಮ್ಮೆ ಓಡಿಸಿ.

ಒಂದು ಕಮಿಟ್‌ನಲ್ಲಿ ಒಂದು ವಿಷಯವನ್ನಷ್ಟೇ ತಿದ್ದಿ; ಯಾವ ಹೋಸ್ಟ್, ಯಾವ ಬ್ರಾಂಚ್, ಯಾವ ಮೆಷೀನ್ ಮೇಲೆ ಓಡಿಸಿ ನೋಡಿದಿರಿ ಎಂಬುದನ್ನು ಕಮಿಟ್ ಸಂದೇಶದಲ್ಲಿ ಬರೆಯಿರಿ. ಕಾಗುಣಿತದ ತಿದ್ದುಪಡಿ ಮತ್ತು ಕಮಾಂಡ್‌ನ ತಿದ್ದುಪಡಿ ಒಂದೇ ಪ್ಯಾಚ್‌ನಲ್ಲಿ ಬೆರೆತರೆ ಪರಿಶೀಲಿಸುವವರಿಗೆ ಮುಖ್ಯವಾದದ್ದು ಕಾಣುವುದಿಲ್ಲ.

ತಿದ್ದುಪಡಿ ಮೊದಲು ಮುಖ್ಯ ಬ್ರಾಂಚ್‌ಗೆ ಸೇರಲಿ, ಅಲ್ಲಿಂದ ಹಳೆಯ ಬ್ರಾಂಚ್‌ಗಳಿಗೆ ಆಯ್ದು ಹೋಗಲಿ. ಮುರಿದ ಲಿಂಕ್, ಬಿಟ್ಟುಹೋದ ಪ್ಯಾಕೇಜ್ ಹೆಸರು ಎಲ್ಲ ಬ್ರಾಂಚ್‌ಗಳಿಗೂ ಬೇಕು. ಆದರೆ 2024ರ ಅಕ್ಟೋಬರ್‌ನ ಸ್ಟೈಹೆಡ್‌ನಿಂದ ಸೋರ್ಸ್ ಫೈಲ್‌ಗಳು ರೆಸಿಪಿಯ ಕೆಲಸದ ಫೋಲ್ಡರ್ ಆದ ವರ್ಕ್‌ಡಿರ್‌ನಲ್ಲಿ ಅಲ್ಲದೆ ಅನ್‌ಪ್ಯಾಕ್‌ಡಿರ್ ಎಂಬ ಬೇರೆ ಫೋಲ್ಡರ್‌ನಲ್ಲಿ ಬಿಚ್ಚಿಕೊಳ್ಳುತ್ತವೆ ಎಂಬ ವಿವರಣೆಯನ್ನು ಸ್ಕಾರ್ತ್‌ಗ್ಯಾಪ್ ಪುಟಕ್ಕೆ ತರಬೇಡಿ. ಸ್ಕಾರ್ತ್‌ಗ್ಯಾಪ್ ಬಳಸುವವರ ಫೈಲ್‌ಗಳು ಇಂದಿಗೂ ವರ್ಕ್‌ಡಿರ್‌ನಲ್ಲೇ ಸಿಗುತ್ತವೆ.