ಬಳಗದ ಹೊಣೆ ಇಳಿಸಿ ಪೂರ್ಣಾವಧಿ ಫೋಟೊಗ್ರಫಿಗೆ: ನಾನು ಅನುಸರಿಸಿದ ಕ್ರಮ

ಹವ್ಯಾಸಿ ಫೋಟೊಗ್ರಫಿ ಬಳಗದ ಆಡಳಿತ ತಂಡದಲ್ಲಿದ್ದವರು ಪೂರ್ಣಾವಧಿ ಕೆಲಸಕ್ಕೆ ಇಳಿಯುತ್ತೇನೆ ಅಂದಾಗ ಮಾತು ಮೊದಲು ಹೋಗುವುದು ಕ್ಯಾಮೆರಾ, ಲೆನ್ಸ್ ಕಡೆಗೆ. ಶುರು ಮಾಡಬೇಕಾದ್ದು ಒಂದು ನೋಟ್‌ಬುಕ್‌ನಿಂದ. ನಾಲ್ಕು ವಾರ ಬಳಗದ ಕೆಲಸಕ್ಕೆ ಹೋದ ಸಮಯವನ್ನು ಐದು ನಿಮಿಷವನ್ನೂ ಬಿಡದೆ ಬರೆದಿಟ್ಟೆ. ಸರಾಸರಿ ವಾರಕ್ಕೆ 11 ಗಂಟೆ ಬಂತು. ಅದರಲ್ಲಿ ಫೋಟೊವಾಕ್ (ಗುಂಪಾಗಿ ನಡೆಯುತ್ತ ಫೋಟೊ ತೆಗೆಯುವುದು) ಏರ್ಪಾಡು, ಸ್ಪರ್ಧೆಗೆ ಬಂದ ಚಿತ್ರಗಳ ಪರಿಶೀಲನೆಯಂಥ ಕೂತು ಮಾಡುವ ಕೆಲಸ ಬರೀ 4 ಗಂಟೆ. ಉಳಿದ 7 ಗಂಟೆಯೂ ಚೂರುಚೂರು: ಒಬ್ಬರ ಪ್ರಶ್ನೆಗೆ ಉತ್ತರ, ಇಬ್ಬರ ಜಗಳಕ್ಕೆ ಸಮಾಧಾನ, ಇನ್ನೊಬ್ಬರಿಗೆ ಶುಲ್ಕದ ನೆನಪು. ಎಡಿಟಿಂಗ್‌ಗೆ ಬೇಕಾದ್ದು ಎಡೆಬಿಡದ ಎರಡು ಗಂಟೆ. ಒಂದೇ ಬಣ್ಣದ ಹದಕ್ಕೆ ಒಗ್ಗಿದ ಕಣ್ಣು ನಡುವೆ ಫೋನಿನ ಪರದೆ ನೋಡಿ ಬಂದರೆ ವೈಟ್ ಬ್ಯಾಲೆನ್ಸ್‌ನ (ಬಿಳಿ ಬಿಳಿಯಾಗಿಯೇ ಕಾಣುವಂತೆ ಬಣ್ಣ ಹೊಂದಿಸುವುದರ) ಅಂದಾಜು ತಪ್ಪುತ್ತದೆ. ಹಾಗಾಗಿ ಬಳಗದ ಕೆಲಸವನ್ನು ಕಮ್ಮಿ ಮಾಡಿಕೊಂಡರೆ ಸಾಲದು, ಆ ಜಾಗವನ್ನೇ ಬಿಡಬೇಕು ಎಂಬುದು ಈ ಪಟ್ಟಿಯಿಂದ ತೀರ್ಮಾನವಾಯಿತು.

ಬಿಡುವ ತಿಂಗಳನ್ನು ಬಳಗದ ಕ್ಯಾಲೆಂಡರ್ ನೋಡಿ ಆರಿಸಬೇಕು. ವಾರ್ಷಿಕ ಪ್ರದರ್ಶನ ಮುಗಿದು, ಅದರ ಲೆಕ್ಕ ಒಪ್ಪಿಸಿ, ಮುಂದಿನದರ ತಯಾರಿ ಶುರುವಾಗದ ಹೊತ್ತು ಸರಿ. ಪ್ರದರ್ಶನಕ್ಕೆ ಮೂರು ವಾರವಿದೆ ಎನ್ನುವಾಗ ಹೊರಟರೆ ಪ್ರಿಂಟ್ ಹಾಕುವವರು, ಫ್ರೇಮ್ ಕಟ್ಟುವವರು, ಹಾಲ್‌ನವರು ಎಲ್ಲರ ಕರೆಯೂ ನಿಮಗೇ ಬರುತ್ತದೆ. ಎಂಟು ವಾರ ಮೊದಲೇ ಹೇಳಿ. ಮೊದಲ ಎರಡು ವಾರ ಮಾಡುತ್ತಿರುವ ಕೆಲಸಗಳನ್ನೆಲ್ಲ ಬರೆದಿಡಿ: ಯಾವ ತಾರೀಖು, ಯಾರಿಗೆ, ಯಾವ ಫೈಲು, ತಪ್ಪಿದರೆ ಏನಾಗುತ್ತದೆ. ಮುಂದಿನ ಮೂರು ವಾರ ನಿಮ್ಮ ಜಾಗಕ್ಕೆ ಬರುವ ಹೊಸಬರು ಮಾಡಲಿ, ನೀವು ಪಕ್ಕದಲ್ಲಿರಿ. ಆಮೇಲಿನ ಎರಡು ವಾರ ಅವರೇ ಮಾಡಲಿ, ಕೇಳಿದರೆ ಮಾತ್ರ ಹೇಳಿ. ಎಂಟನೆಯ ವಾರ ಕೀಲಿಗಳನ್ನು ಒಪ್ಪಿಸುವುದಕ್ಕೆ. ಇಲ್ಲಿ ಆಗುವ ದೊಡ್ಡ ತಪ್ಪೆಂದರೆ ‘ಸಲಹೆಗಾರ’ರಾಗಿ ಉಳಿಯಿರಿ ಎಂಬ ಮಾತಿಗೆ ಒಪ್ಪಿಕೊಳ್ಳುವುದು. ಕೇಳಲು ಹಳಬರೊಬ್ಬರು ಇರುವವರೆಗೆ ಹೊಸಬರು ತಾವಾಗಿ ತೀರ್ಮಾನ ತೆಗೆದುಕೊಳ್ಳುವುದಿಲ್ಲ. ಅವರ ಮಾತಿಗೆ ಸದಸ್ಯರಲ್ಲಿ ತೂಕವೂ ಬರುವುದಿಲ್ಲ. ಒಂದು ತಿಂಗಳು, ವಾರಕ್ಕೊಮ್ಮೆ, ಬರಹದಲ್ಲಿ ಬಂದ ಪ್ರಶ್ನೆಗೆ ಉತ್ತರ ಕೊಡುತ್ತೇನೆ ಎಂದು ಗಡುವು ಹಾಕಿಕೊಂಡರೆ ಇಬ್ಬರಿಗೂ ಒಳ್ಳೆಯದು.

ಖಾತೆಗಳ ಹಸ್ತಾಂತರ ಅಂದರೆ ಪಾಸ್‌ವರ್ಡ್ ಬರೆದುಕೊಡುವುದು ಎಂದುಕೊಂಡವರೇ ಹೆಚ್ಚು. ತೊಡಕಿರುವುದು ಓಟಿಪಿಯಲ್ಲಿ. ಬಳಗದ ಇಮೇಲ್, ಕ್ಲೌಡ್ ಸಂಗ್ರಹ, ಹಣ ಪಾವತಿಯ ಖಾತೆ ಇವೆಲ್ಲ ಸಾಮಾನ್ಯವಾಗಿ ಯಾರೋ ಒಬ್ಬರ ಸ್ವಂತ ಫೋನ್ ನಂಬರಿಗೆ ಕಟ್ಟಿರುತ್ತವೆ. ಪಾಸ್‌ವರ್ಡ್ ಕೊಟ್ಟು ಬಂದಿರುತ್ತೀರಿ. ನಾಲ್ಕು ತಿಂಗಳ ಮೇಲೆ ಹೊಸಬರು ಬೇರೆ ಲ್ಯಾಪ್‌ಟಾಪಿನಿಂದ ಒಳಗೆ ಹೋಗಲು ನೋಡಿದಾಗ ಓಟಿಪಿ ನಿಮ್ಮ ಫೋನಿಗೆ ಬರುತ್ತದೆ, ಆ ಹೊತ್ತಿಗೆ ನೀವು ಯಾರದೋ ಕಾರ್ಯಕ್ರಮದ ನಡುವೆ ಫೋನ್ ಸೈಲೆಂಟ್ ಮಾಡಿ ನಿಂತಿರುತ್ತೀರಿ. ಕ್ರಮ ಹೀಗಿರಲಿ: ಮೊದಲು ಇಮೇಲ್ ಖಾತೆ, ಯಾಕೆಂದರೆ ಮಿಕ್ಕೆಲ್ಲದರ ಪಾಸ್‌ವರ್ಡ್ ಬದಲಾಗುವುದು ಅದರ ಮೂಲಕ. ಅದರಲ್ಲಿ ಹೊಸಬರ ನಂಬರ್ ಸೇರಿಸಿ, ಅವರ ಯಂತ್ರದಲ್ಲಿ ಒಳಗೆ ಹೋಗಿ ನೋಡಿಸಿ, ಹಳೆಯ ರಿಕವರಿ ಕೋಡ್‌ಗಳನ್ನು (ಫೋನ್ ಇಲ್ಲದಾಗ ಒಳಗೆ ಹೋಗಲು ಇರುವ ಗುಪ್ತ ಸಂಖ್ಯೆಗಳು) ರದ್ದು ಮಾಡಿ ಹೊಸವನ್ನು ಕಾಗದದಲ್ಲಿ ಮುದ್ರಿಸಿ ಇಬ್ಬರ ಹತ್ತಿರ ಇಡಿಸಿ. ಇಷ್ಟಾದ ಮೇಲೆಯೇ ನಿಮ್ಮ ನಂಬರ್ ತೆಗೆಯಿರಿ. ಮೊದಲೇ ತೆಗೆದರೆ ಇಬ್ಬರೂ ಹೊರಗುಳಿಯುವ ಸಂಭವವಿದೆ.

ನಗದು, ಬ್ಯಾಂಕ್ ಸಹಿ, ಬಳಗದ ಟ್ರೈಪಾಡ್, ಲೈಟ್‌ಸ್ಟ್ಯಾಂಡ್, ಪ್ರೊಜೆಕ್ಟರ್‌ಗಳನ್ನು ಸೀರಿಯಲ್ ನಂಬರ್ ಸಮೇತ ಬರೆದು ಇಬ್ಬರ ಸಹಿ ಹಾಕಿಸಿ ಒಪ್ಪಿಸಿದರೆ ಮುಗಿಯಿತು. ಆದರೆ ಇನ್ನೆರಡು ವಸ್ತುಗಳ ಬಗ್ಗೆ ಕಟ್ಟುನಿಟ್ಟಾಗಿರಬೇಕು: ಸದಸ್ಯರ ಫೋನ್ ಪಟ್ಟಿ ಮತ್ತು ಅವರು ಸ್ಪರ್ಧೆಗೆ ಕಳಿಸಿದ ಮೂಲ ಫೈಲ್‌ಗಳು. ಆ ನಂಬರುಗಳನ್ನು ಅವರು ಕೊಟ್ಟದ್ದು ಬಳಗದ ಕೆಲಸಕ್ಕೆ. ಹೊಸ ವೃತ್ತಿಯ ಪ್ರಚಾರಕ್ಕೆ ಅಲ್ಲ. ಆ ಚಿತ್ರಗಳ ಹಕ್ಕು ತೆಗೆದವರದು. ಎರಡನ್ನೂ ಸ್ವಂತ ಹಾರ್ಡ್ ಡಿಸ್ಕ್‌ನಿಂದ ಅಳಿಸಿ, ಅಳಿಸಿದ್ದೇನೆ ಎಂದು ಬರೆದು ಕೊಡಿ. ನಂಬಿಕೆಯಿಂದ ಬಂದದ್ದನ್ನು ಹಾಗೆಯೇ ಹಿಂದಿರುಗಿಸಬೇಕು. ಈ ಒಂದು ವಿಷಯದಲ್ಲಿ ರಾಜಿ ಇರಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಇನ್ನು ದುಡಿಮೆಯ ಲೆಕ್ಕ. ಎಂಟು ಗಂಟೆಯ ಒಂದು ಕಾರ್ಯಕ್ರಮಕ್ಕೆ ಸುಮಾರು 2,000 ಫ್ರೇಮ್ (ತೆಗೆದ ಚಿತ್ರ) ಎಂದುಕೊಳ್ಳಿ. ಕಾಪಿ, ಬ್ಯಾಕಪ್‌ಗೆ 1 ಗಂಟೆ. ಮೊದಲ ಸುತ್ತಿನ ಆಯ್ಕೆ ಫ್ರೇಮಿಗೆ 3 ಸೆಕೆಂಡಿನಂತೆ 1 ಗಂಟೆ 40 ನಿಮಿಷ. ಉಳಿದ 800ರ ಎರಡನೆಯ ಸುತ್ತು ಸುಮಾರು 1 ಗಂಟೆ. ಕೊನೆಗೆ ನಿಂತ 400 ಚಿತ್ರಕ್ಕೆ ತಲಾ ಒಂದೂವರೆ ನಿಮಿಷವೆಂದರೆ 10 ಗಂಟೆ. ಮಾತುಕತೆ, ಸ್ಥಳ ನೋಡುವುದು, ಎಕ್ಸ್‌ಪೋರ್ಟ್, ತಲುಪಿಸುವುದು ಸೇರಿ 3 ಗಂಟೆ. ಒಟ್ಟು ಹತ್ತಿರ ಹತ್ತಿರ 25 ಗಂಟೆ, ಅಂದರೆ ಒಂದು ದಿನದ ಶೂಟ್‌ಗೆ ಮೂರು ದಿನದ ದುಡಿಮೆ. ವರ್ಷದ 365 ದಿನದಲ್ಲಿ ವಾರದ ರಜೆ 104, ಕಾಯಿಲೆ ಮತ್ತು ಮನೆಯ ಕೆಲಸಕ್ಕೆ 30 ಕಳೆದರೆ 231. ಮೂರರಿಂದ ಭಾಗಿಸಿದರೆ 77. ಹಣ ಬರುವ ದಿನ ಹೆಚ್ಚುಕಮ್ಮಿ 75 ಅಷ್ಟೇ. ಮೊದಲ ವರ್ಷ ಅದರಲ್ಲಿ ಅರ್ಧ ತುಂಬುತ್ತದೆ ಎಂದು ಹಿಡಿಯುವುದು ಜಾಣತನ.

ಮನೆ ಖರ್ಚು, ತೆರಿಗೆ, ವಿಮೆ, ಸಾಫ್ಟ್‌ವೇರ್, ರಿಪೇರಿ, ಉಪಕರಣದ ಸವಕಳಿ ಎಲ್ಲವನ್ನೂ ಕೂಡಿಸಿ 75ರಿಂದ ಭಾಗಿಸಿದರೆ ದಿನದ ಕನಿಷ್ಠ ದರ. ಹವ್ಯಾಸದಿಂದ ಬಂದವರು ಅದೇ ಮೊತ್ತವನ್ನು 300ರಿಂದ ಭಾಗಿಸಿ, ಬೇಕಾದ್ದರ ಕಾಲುಭಾಗ ದರ ಹೇಳುತ್ತಾರೆ. ಆಮೇಲೆ ಏರಿಸಲು ಆಗುವುದಿಲ್ಲ. ಸವಕಳಿಯನ್ನೂ ಹಗುರವಾಗಿ ನೋಡಬೇಡಿ. ಅನೇಕ ಕ್ಯಾಮೆರಾ ಬಾಡಿಗಳ (ಲೆನ್ಸ್ ಬಿಟ್ಟ ಭಾಗ) ಮೆಕ್ಯಾನಿಕಲ್ ಶಟರ್‌ಗೆ, ಅಂದರೆ ಕ್ಲಿಕ್ಕಿಸಿದಾಗ ತೆರೆದು ಮುಚ್ಚುವ ಪರದೆಗೆ, ತಯಾರಕರು ಹೇಳುವ ಬಾಳಿಕೆ 1.5ರಿಂದ 2 ಲಕ್ಷ ಕ್ಲಿಕ್. ಹವ್ಯಾಸದಲ್ಲಿ ಹತ್ತು ವರ್ಷ ಬರುವುದು ಅದು. ದಿನಕ್ಕೆ 2,000ದಂತೆ 75 ದಿನಕ್ಕೆ 1.5 ಲಕ್ಷ, ಅಂದರೆ ಒಂದೇ ವರ್ಷ. ಎರಡು ಕ್ಯಾಮೆರಾಗಳಿಗೆ ಹಂಚಿದರೆ ಎರಡು ವರ್ಷ. ಎಲೆಕ್ಟ್ರಾನಿಕ್ ಶಟರ್ ಸವೆಯುವುದಿಲ್ಲ ನಿಜ. ಆದರೆ ಸೆನ್ಸರನ್ನು (ಬೆಳಕು ಹಿಡಿಯುವ ಫಲಕ) ಸಾಲುಸಾಲಾಗಿ ನಿಧಾನಕ್ಕೆ ಓದುವ ಬಾಡಿಗಳಲ್ಲಿ ಮಿನುಗುವ ಎಲ್‌ಇಡಿ ಬೆಳಕಿನಡಿ ಅಡ್ಡ ಪಟ್ಟೆಗಳು ಬೀಳುತ್ತವೆ. ಕರೆಂಟ್ 50 ಹರ್ಟ್ಸ್ ಇರುವಲ್ಲಿ ದೀಪ ಸೆಕೆಂಡಿಗೆ 100 ಸಲ ಏರಿಳಿಯುತ್ತದೆ; ಅಲ್ಲಿ 1/50 ಅಥವಾ 1/100 ಸೆಕೆಂಡ್, 60 ಹರ್ಟ್ಸ್ ಇರುವಲ್ಲಿ 1/60 ಅಥವಾ 1/125 ಸೆಕೆಂಡ್ ಶಟರ್ ಇಟ್ಟರೆ ಬಹುಪಾಲು ತೊಂದರೆ ತಪ್ಪುತ್ತದೆ. ವೇದಿಕೆಯ ಎಲ್‌ಇಡಿ ಗೋಡೆಗಳು ಬೇರೆಯದೇ ವೇಗದಲ್ಲಿ ಮಿನುಗುವುದರಿಂದ ಮೊದಲ ಹತ್ತು ನಿಮಿಷದಲ್ಲೇ ಒಂದು ಫ್ರೇಮ್ ದೊಡ್ಡದು ಮಾಡಿ ನೋಡಲೇಬೇಕು.

ಬಳಗದಲ್ಲಿ ಬೆಳೆದವರು ಬಿಡಬೇಕಾದ ಅಭ್ಯಾಸ ಒಂದಿದೆ. ಸ್ಪರ್ಧೆಯಲ್ಲಿ ಸಾವಿರ ತೆಗೆದು ಒಂದು ಕಳಿಸುತ್ತೇವೆ, ಆ ಒಂದಕ್ಕೆ ಬೆಲೆ. ವೃತ್ತಿಯಲ್ಲಿ 400 ಕೊಡುತ್ತೇವೆ, ಗಿರಾಕಿಯ ಕಣ್ಣು ಹೋಗಿ ನಿಲ್ಲುವುದು ಅದರಲ್ಲಿ ಕೆಟ್ಟು ಹೋದದ್ದರ ಮೇಲೆ. ಮೂರು ಸಾಲಿನ ಗುಂಪು ಫೋಟೊ ನೋಡಿ. ಮುಂದಿನ ಸಾಲಿನಿಂದ ಫ್ಲಾಶ್ 2 ಮೀಟರ್ ದೂರವಿದ್ದು, ಹಿಂದಿನ ಸಾಲು ಇನ್ನೂ 1 ಮೀಟರ್ ಹಿಂದಿದ್ದರೆ ಅಲ್ಲಿಗೆ ಮುಟ್ಟುವುದು ಮುಂದಿನವರಿಗೆ ಬಿದ್ದ ಬೆಳಕಿನ ಶೇ 44. ಒಂದು ಸ್ಟಾಪ್‌ಗಿಂತಲೂ ಹೆಚ್ಚಿನ ಇಳಿಕೆ (ಒಂದು ಸ್ಟಾಪ್ ಇಳಿದರೆ ಬೆಳಕು ಅರ್ಧ). ಹಿಂದೆ ನಿಂತವರ ಮುಖ ಮಂಕು, ಎಡಿಟಿಂಗ್‌ನಲ್ಲಿ ಎತ್ತಿದರೆ ಕಾಳುಕಾಳು. ಅದೇ ಫ್ಲಾಶನ್ನು 5 ಮೀಟರಿಗೆ ಒಯ್ದರೆ ಹಿಂದಿನ ಸಾಲಿಗೆ ಶೇ 69 ಸಿಗುತ್ತದೆ, ವ್ಯತ್ಯಾಸ ಅರ್ಧ ಸ್ಟಾಪ್. ಇದಕ್ಕೆ ಆರು ಪಟ್ಟು ಹೆಚ್ಚು ಬೆಳಕು ಬೇಕಾಗುತ್ತದೆ. ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 100ರಿಂದ 400ಕ್ಕೆ ಏರಿಸಿ, ಉಳಿದದ್ದನ್ನು ಫ್ಲಾಶ್ ಪವರ್‌ನಲ್ಲಿ ತುಂಬಿಸಿ. ಹಿಂದಿನ ಸಾಲಿನಲ್ಲಿ ನಿಂತವರೂ ಅಷ್ಟೇ ಮುಖ್ಯ ಎಂದುಕೊಂಡು ಬೆಳಕು ಇಡುವುದೇ ಈ ಕೆಲಸದ ತಿರುಳು.

ಪೋರ್ಟ್‌ಫೋಲಿಯೊಗೂ (ಗಿರಾಕಿಗೆ ತೋರಿಸುವ ಮಾದರಿ ಚಿತ್ರಗಳ ಸಂಗ್ರಹ) ಇದೇ ಮಾತು ಅನ್ವಯ. ಸೂರ್ಯೋದಯ, ಹಕ್ಕಿ, ಮ್ಯಾಕ್ರೊಗಳಿಗೆ ಬಳಗದಲ್ಲಿ ಬಂದ ಬಹುಮಾನಗಳನ್ನು ಪಕ್ಕಕ್ಕಿಡಿ. ನೀವು ಮಾರಲು ಹೊರಟ ಕೆಲಸದ ಮೂರು ಪೂರ್ತಿ ಸೆಟ್ ತೋರಿಸಿ: ತಲಾ 20ರಿಂದ 30 ಚಿತ್ರ, ಆರಂಭದಿಂದ ಕೊನೆಯವರೆಗೆ, ಕಷ್ಟದ ಬೆಳಕಿನವೂ ಸೇರಿ.

ಒಪ್ಪಂದ ಒಂದು ಪುಟದ್ದಾದರೂ ಬರಹದಲ್ಲಿರಲಿ. ದಿನ, ಶುರುವಾಗುವ ಮತ್ತು ಮುಗಿಯುವ ಗಂಟೆ, ಹೆಚ್ಚುವರಿ ಗಂಟೆಯ ದರ, ಚಿತ್ರಗಳ ಸಂಖ್ಯೆ, ಕೊಡುವ ತಾರೀಖು, ಎಷ್ಟು ಸಲ ತಿದ್ದುಪಡಿ (ನಾನು ಇಟ್ಟದ್ದು ಎರಡು), ರದ್ದಾದರೆ ಅಡ್ವಾನ್ಸ್ ಏನಾಗುತ್ತದೆ, ಫೈಲ್ ಎಷ್ಟು ತಿಂಗಳು ಕಾಪಾಡುತ್ತೀರಿ. ಅರ್ಧ ಹಣ ದಿನ ಗೊತ್ತು ಮಾಡುವಾಗ, ಉಳಿದರ್ಧ ಪೂರ್ಣ ಗಾತ್ರದ ಫೈಲ್ ಕೊಡುವ ಮೊದಲು. ಹಕ್ಕಿನ ಸಾಲನ್ನು ಮರೆಯಲೇಬೇಡಿ: ಹಣ ಕೊಟ್ಟು ತೆಗೆಸಿದ ಫೋಟೊದ ಕಾಪಿರೈಟ್ ತೆಗೆದವರದೋ ತೆಗೆಸಿದವರದೋ ಎಂಬುದು ದೇಶದಿಂದ ದೇಶಕ್ಕೆ ಬದಲಾಗುತ್ತದೆ, ಕೆಲವೆಡೆ ಬರಹದ ಒಪ್ಪಂದವಿಲ್ಲದಿದ್ದರೆ ಅದು ತೆಗೆಸಿದವರದಾಗುತ್ತದೆ. ಪೋರ್ಟ್‌ಫೋಲಿಯೊದಲ್ಲಿ ಬಳಸಲು ಅನುಮತಿಯನ್ನೂ ಅಲ್ಲಿಯೇ ಬರೆಸಿಕೊಳ್ಳಿ. ಬಳಗದ ಗೆಳೆಯರು ಕೊಡುವ ಕೆಲಸಕ್ಕೂ ಇದೇ ಪುಟ. ರಿಯಾಯಿತಿ ಕೊಡುವುದಿದ್ದರೆ ಪೂರ್ತಿ ದರ ಬರೆದು ಕೆಳಗೆ ಕಳೆಯಿರಿ, ಅಸಲು ಬೆಲೆ ಅವರಿಗೂ ಗೊತ್ತಿರಲಿ.

ಎರಡು ಕ್ಯಾಮೆರಾ ಹಿಡಿಯುವವರು ಬೆಳಿಗ್ಗೆಯೇ ಒಂದು ಕೆಲಸ ಮಾಡಬೇಕು. ಸೆಕೆಂಡ್ ಕಾಣುವ ಹಾಗೆ ಫೋನಿನ ಗಡಿಯಾರ ತೆರೆದಿಟ್ಟು ಎರಡರಲ್ಲೂ ಅದರ ಫೋಟೊ ತೆಗೆಯಿರಿ. ಒಂದರ ಗಡಿಯಾರ 47 ಸೆಕೆಂಡ್ ಹಿಂದಿದ್ದರೂ ಫೈಲ್‌ಗಳನ್ನು ಸಮಯದ ಕ್ರಮದಲ್ಲಿ ಜೋಡಿಸಿದಾಗ ಚಪ್ಪಾಳೆ ಮೊದಲು, ಬಹುಮಾನ ಆಮೇಲೆ ಬರುತ್ತದೆ. ಈ ಒಂದು ಫ್ರೇಮ್ ಇದ್ದರೆ ಆ ಬಾಡಿಯ ಅಷ್ಟೂ ಫೈಲ್‌ಗಳಿಗೆ 47 ಸೆಕೆಂಡ್ ಕೂಡಿಸಿ ಸರಿಪಡಿಸಬಹುದು. ಇಲ್ಲದಿದ್ದರೆ ಕೈಯಲ್ಲಿ ಒಂದೊಂದಾಗಿ ಜೋಡಿಸಬೇಕು. ಎರಡು ಕಾರ್ಡ್ ಸ್ಲಾಟ್ ಇದ್ದರೆ ಎರಡಕ್ಕೂ ಒಂದೇ ಫೈಲ್ ಬರೆಯುವ ಬ್ಯಾಕಪ್ ಕ್ರಮ ಆರಿಸಿ. ಒಂದು ತುಂಬಿದ ಮೇಲೆ ಇನ್ನೊಂದು ಎಂಬ ಕ್ರಮ ಬೇಡ. ಎರಡೂ ಕಾರ್ಡ್ ಒಂದೇ ವೇಗದವಿರಲಿ, ಯಾಕೆಂದರೆ ಬಫರ್ (ಕ್ಯಾಮೆರಾದ ತಾತ್ಕಾಲಿಕ ಮೆಮೊರಿ) ಖಾಲಿಯಾಗುವುದು ನಿಧಾನದ ಕಾರ್ಡಿನ ವೇಗಕ್ಕೆ.

24 ಮೆಗಾಪಿಕ್ಸೆಲ್‌ನ ರಾ ಫೈಲ್ (ಕ್ಯಾಮೆರಾ ಹಿಡಿದ, ಇನ್ನೂ ಸಂಸ್ಕರಿಸದ ಫೈಲ್) ಒಂದಕ್ಕೆ ಸುಮಾರು 30 ಎಂಬಿ ಹಿಡಿದರೆ ದಿನಕ್ಕೆ 60 ಜಿಬಿ, ವರ್ಷಕ್ಕೆ 4.5 ಟಿಬಿ. ಮೂರು ಪ್ರತಿ ಬೇಕು: ಎರಡು ಬೇರೆ ಬೇರೆ ಡಿಸ್ಕ್‌ಗಳಲ್ಲಿ, ಒಂದು ಬೇರೆ ಕಟ್ಟಡದಲ್ಲಿ ಅಥವಾ ಕ್ಲೌಡ್‌ನಲ್ಲಿ. ಕಾರ್ಡಿನಿಂದ ‘ಮೂವ್’ ಮಾಡಬೇಡಿ, ‘ಕಾಪಿ’ ಮಾಡಿ. ನಡುವೆ ಕೇಬಲ್ ಕಳಚಿದರೆ ಮೂವ್ ಮಾಡಿದ ಫೈಲ್ ಎರಡೂ ಕಡೆ ಕೆಡಬಹುದು. ಎರಡು ಪ್ರತಿ ತೆರೆದು ನೋಡುವವರೆಗೆ ಕಾರ್ಡ್ ಫಾರ್ಮ್ಯಾಟ್ ಇಲ್ಲ. ಫಾರ್ಮ್ಯಾಟ್ ಕ್ಯಾಮೆರಾದಲ್ಲೇ ಮಾಡಬೇಕು. ಮಾನಿಟರಿನ ಬೆಳಕನ್ನು ಕ್ಯಾಲಿಬ್ರೇಟರ್‌ನಿಂದ (ಪರದೆಯ ಬಣ್ಣ, ಬೆಳಕು ಅಳೆಯುವ ಸಾಧನ) ಚದರ ಮೀಟರಿಗೆ 100–120 ಕ್ಯಾಂಡೆಲಾಗೆ (ಬೆಳಕಿನ ಅಳತೆ) ಇಳಿಸಿ. ಪರದೆ ಉರಿಯುವಷ್ಟು ಬೆಳಗಿದ್ದರೆ ನೀವು ಚಿತ್ರವನ್ನು ಕಪ್ಪಾಗಿಸುತ್ತೀರಿ, ಪ್ರಿಂಟ್ ಮಸಿಯಂತೆ ಬರುತ್ತದೆ.

ಕೈಯಲ್ಲಿ ಆರು ತಿಂಗಳ ಮನೆ ಖರ್ಚು, ಜೊತೆಗೆ ಒಂದು ಬಾಡಿ ಹೋದರೆ ಮರುದಿನವೇ ಇನ್ನೊಂದು ತರುವಷ್ಟು ಹಣ ಇಲ್ಲದೆ ಇಳಿಯಬೇಡಿ. ಎರಡನ್ನೂ ಬೇರೆ ಬೇರೆ ಖಾತೆಯಲ್ಲಿಡಿ, ಇಲ್ಲದಿದ್ದರೆ ಖಾಲಿ ತಿಂಗಳಲ್ಲಿ ಕ್ಯಾಮೆರಾದ ಹಣ ಅಡುಗೆ ಮನೆಗೆ ಹೋಗಿರುತ್ತದೆ.

ಬಳಗದ ನಂಟು ಪೂರ್ತಿ ಕಡಿದುಕೊಳ್ಳಬೇಕಾಗಿಲ್ಲ. ಆರು ತಿಂಗಳು ಬಿಟ್ಟು, ಹೊಸ ತಂಡ ತನ್ನ ಕಾಲ ಮೇಲೆ ನಿಂತ ಮೇಲೆ, ಶುಲ್ಕ ಕಟ್ಟಿ ಸಾಮಾನ್ಯ ಸದಸ್ಯರಾಗಿ ಹೋಗಬಹುದು. ಬಹುಮಾನದ ಸ್ಪರ್ಧೆಗೆ ಮಾತ್ರ ಚಿತ್ರ ಕಳಿಸಬೇಡಿ, ಅದು ಕಲಿಯುವವರ ಜಾಗ. ಫೋಟೊವಾಕ್‌ಗೆ ಒಂದು ಬಾಡಿ, ಒಂದು ಲೆನ್ಸ್ ಸಾಕು. ಅದಕ್ಕೆ ಬಳಸುವ ಕಾರ್ಡ್‌ಗೆ ಬೇರೆ ಬಣ್ಣದ ಸ್ಟಿಕರ್ ಅಂಟಿಸಿ, ಗಿರಾಕಿಗಳ ಕಾರ್ಡ್ ಡಬ್ಬಿಯಿಂದ ದೂರ ಇಡಿ.