ಒಂದು ಚಮಚ ಸಕ್ಕರೆ, ಒಂದು ಹಿಡಿ ಹೊಯ್ಗೆ: ಮನೆಯಲ್ಲೇ ರಾಸಾಯನಿಕ ಬಂಧ ಪರೀಕ್ಷಿಸುವುದು ಹೇಗೆ?

ಹತ್ತನೇ ತರಗತಿಯ ಮಕ್ಕಳಿರುವ ಮನೆಯಲ್ಲಿ ಈ ಸಾಲುಗಳು ಬಾಯಿಪಾಠವಾಗಿರುತ್ತವೆ: ಅಯಾನಿಕ ವಸ್ತುಗಳ ಕರಗುವ ಬಿಂದು ಹೆಚ್ಚು, ಸಹವೇಲೆನ್ಸೀಯ ವಸ್ತುಗಳದ್ದು ಕಡಿಮೆ, ಲೋಹಗಳು ವಿದ್ಯುತ್ ಹರಿಸುತ್ತವೆ. (ಧನ, ಋಣ ವಿದ್ಯುದಂಶವಿರುವ ಕಣಗಳು, ಅಂದರೆ ಅಯಾನುಗಳು, ಒಂದನ್ನೊಂದು ಸೆಳೆದು ಹಿಡಿದರೆ ಅಯಾನಿಕ ಬಂಧ; ಪರಮಾಣುಗಳು ಎಲೆಕ್ಟ್ರಾನುಗಳನ್ನು ಹಂಚಿಕೊಂಡರೆ ಸಹವೇಲೆನ್ಸೀಯ ಬಂಧ.) ಅಂಕಕ್ಕೆ ಇಷ್ಟು ಸಾಕು. ಆದರೆ ಒಂದು ಹಿಡಿ ಹೊಯ್ಗೆ, ಅಂದರೆ ಮರಳು, ಎದುರಿಗಿಟ್ಟರೆ ನಡುವಿನ ಸಾಲು ಅಲ್ಲೇ ಬಿದ್ದುಹೋಗುತ್ತದೆ. ಹೊಯ್ಗೆಯ ಹೆಚ್ಚಿನ ಪಾಲು ಸಿಲಿಕಾ, ಅಂದರೆ ಸಿಲಿಕಾನ್ ಮತ್ತು ಆಮ್ಲಜನಕ ಸೇರಿ ಆದದ್ದು. ಅದರಲ್ಲಿರುವುದೂ ಸಹವೇಲೆನ್ಸೀಯ ಬಂಧವೇ. ಆದರೂ ಅದು ಕರಗಲು ಸುಮಾರು 1,700 ಡಿಗ್ರಿ ಸೆಲ್ಸಿಯಸ್ ಬೇಕು.

ಹಾಗಾಗಿ ವಸ್ತುವಿನಲ್ಲಿ ಯಾವ ಬಂಧವಿದೆ ಎಂದಷ್ಟೇ ಕೇಳಿದರೆ ಸಾಲದು. ಅದು ಕರಗುವಾಗ, ಒಡೆಯುವಾಗ, ನೀರಿಗೆ ಬಿದ್ದಾಗ ಯಾವ ಹಿಡಿತ ಸಡಿಲವಾಗಬೇಕು ಎಂದು ಕೇಳಬೇಕು. ಕೆಳಗಿನ ಹಂತಗಳನ್ನು ದೊಡ್ಡವರು ಜೊತೆಗಿದ್ದು ಮಾಡಿಸಿ.

ಹಂತ 1: ಸಾಮಾನು

ಕಲ್ಲುಪ್ಪು, ಸಕ್ಕರೆ, ಮೇಣದ ಬತ್ತಿಯ ತುಂಡು, ಹಳೆಯ ವಯರಿನಿಂದ ಬಿಡಿಸಿದ ತಾಮ್ರದ ತಂತಿ, ಎರಡೂ ತುದಿ ಚೂಪು ಮಾಡಿದ ಪೆನ್ಸಿಲ್. ಹೊಯ್ಗೆ ಹೊಳೆಯದ್ದಾದರೆ ಒಳ್ಳೆಯದು. ಪಣಂಬೂರಿನದೋ ಮಲ್ಪೆಯದೋ ಆದರೆ ನಾಲ್ಕು ಸಲ ತೊಳೆದು ಒಣಗಿಸಿ, ಇಲ್ಲವಾದರೆ ಕಡಲಿನ ಉಪ್ಪು ಲೆಕ್ಕ ತಪ್ಪಿಸುತ್ತದೆ. ಇದಲ್ಲದೆ 9 ವೋಲ್ಟ್ ಬ್ಯಾಟರಿ, ಕೆಂಪು ಎಲ್‌ಇಡಿ, 470 ಓಮ್ ರೆಸಿಸ್ಟರ್, ಇನ್ವರ್ಟರ್ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್. ಗೋಡೆಯ ಪ್ಲಗ್ಗಿನ ಕರೆಂಟು ಬೇಡವೇ ಬೇಡ.

ಹಂತ 2: ಬಿಸಿ ಮಾಡಿ

ಹಳೆಯ ಸ್ಟೀಲ್ ಚಮಚವನ್ನು ಇಕ್ಕಳದಲ್ಲಿ ಹಿಡಿದು, ಒಂದೊಂದೇ ವಸ್ತುವನ್ನು ಸ್ವಲ್ಪವೇ ಹಾಕಿ ಸಣ್ಣ ಉರಿಯಲ್ಲಿ ಕಾಯಿಸಿ. ಮೇಣ ಕೂಡಲೇ ನೀರಾಗುತ್ತದೆ. ಅಷ್ಟಾದ ತಕ್ಷಣ ಉರಿಯಿಂದ ತೆಗೆಯಿರಿ, ಹೆಚ್ಚು ಕಾದರೆ ಬೆಂಕಿ ಹಿಡಿಯುತ್ತದೆ.

ಸಕ್ಕರೆಯ ಸರದಿಯಲ್ಲಿ ಅವಸರ ಬೇಡ, ಪಾಠವೆಲ್ಲ ಇರುವುದು ಈ ಚಮಚದಲ್ಲೇ. ಮೊದಲು ಹರಳು ಕರಗಿ ಪಾಕವಾಗುತ್ತದೆ, ಮತ್ತೆ ಹೊಂಬಣ್ಣಕ್ಕೆ ತಿರುಗಿ, ಬಿಟ್ಟರೆ ಕಪ್ಪಗೆ ಸೀಯುತ್ತದೆ. ಹರಳು ಕರಗುವಾಗ ಸಕ್ಕರೆಯ ಅಣುಗಳು ಇಡಿಯಾಗಿಯೇ ಇರುತ್ತವೆ, ಒಂದು ಇನ್ನೊಂದರ ಕೈ ಬಿಡುತ್ತದೆ ಅಷ್ಟೆ. ಬಣ್ಣ ತಿರುಗಲು ಶುರುವಾಯಿತೆಂದರೆ ಅಣುವಿನೊಳಗಿನ ಸಹವೇಲೆನ್ಸೀಯ ಬಂಧಗಳೇ ಕಡಿಯತೊಡಗಿವೆ ಎಂದರ್ಥ. ಸಕ್ಕರೆಯಲ್ಲಿ ಈ ಎರಡೂ ಹೆಚ್ಚುಕಡಿಮೆ ಒಂದೇ ಉಷ್ಣತೆಯಲ್ಲಿ, 160ರಿಂದ 190 ಡಿಗ್ರಿಯ ಒಳಗೆ ನಡೆಯುವುದರಿಂದ ಗೊಂದಲವಾಗುವುದು ಸಹಜ. ಮೇಣವೂ ಅಣುಗಳಿಂದಾದದ್ದೇ. ಆದರೆ ಅದರ ಅಣುಗಳ ನಡುವೆ ಇರುವುದು ತೀರಾ ದುರ್ಬಲ ಸೆಳೆತ, ಹಾಗಾಗಿ 60 ಡಿಗ್ರಿಯ ಆಸುಪಾಸಿನಲ್ಲೇ ಸೋಲುತ್ತದೆ. ಸಕ್ಕರೆಯ ಒಂದೊಂದು ಅಣುವಿನಲ್ಲೂ ಎಂಟು ಹೈಡ್ರಾಕ್ಸಿಲ್ ಗುಂಪುಗಳಿವೆ (ಒಂದು ಆಮ್ಲಜನಕ, ಅದಕ್ಕೆ ಅಂಟಿದ ಒಂದು ಹೈಡ್ರೋಜನ್). ಅವು ಪಕ್ಕದ ಅಣುಗಳನ್ನು ಹೈಡ್ರೋಜನ್ ಬಂಧದಿಂದ ಹಿಡಿದಿಟ್ಟುಕೊಳ್ಳುತ್ತವೆ.

ಉಪ್ಪು ಮಾತ್ರ ಕರಗುವುದಿಲ್ಲ, ಸಿಡಿಯುತ್ತದೆ. ಆದ್ದರಿಂದ ಎರಡೇ ಹರಳು ಹಾಕಿ, ಮುಖ ದೂರವಿಡಿ. ದೃಷ್ಟಿ ತೆಗೆದು ಉಪ್ಪು ಮೆಣಸು ಒಲೆಗೆ ಹಾಕಿದಾಗ ಕೇಳುವ ಚಟಪಟ ಇದೇ: ಹರಳಿನೊಳಗೆ ಸಿಕ್ಕಿಕೊಂಡ ನೀರಿನಂಶ ಆವಿಯಾಗಿ ಹರಳನ್ನು ಒಡೆಯುತ್ತದೆ. (ಯಾರ ಕಣ್ಣು ಎಷ್ಟು ಕೆಟ್ಟದ್ದು ಎಂಬುದಕ್ಕಿಂತ ಉಪ್ಪು ಎಷ್ಟು ಹಸಿ ಎಂಬುದನ್ನೇ ಅದು ಹೇಳುತ್ತದೆ.) ಉಪ್ಪಿನಲ್ಲಿ ಬಿಡಿಬಿಡಿ ಅಣುಗಳಿಲ್ಲ. ಪ್ರತಿ ಸೋಡಿಯಂ ಅಯಾನಿನ ಸುತ್ತ ಆರು ಕ್ಲೋರೈಡ್, ಪ್ರತಿ ಕ್ಲೋರೈಡಿನ ಸುತ್ತ ಆರು ಸೋಡಿಯಂ. ಆ ಜೋಡಣೆ ಸಡಿಲವಾಗಲು 801 ಡಿಗ್ರಿ ಬೇಕು. ಹೊಯ್ಗೆಗಂತೂ ನಿಮ್ಮ ಗ್ಯಾಸ್ ಒಲೆ ಲೆಕ್ಕಕ್ಕೇ ಇಲ್ಲ. ಅಲ್ಲಿ ಬಿಡಬೇಕಾದದ್ದು ಸಹವೇಲೆನ್ಸೀಯ ಬಂಧವೇ, ಕಾಳಿನ ಉದ್ದಗಲಕ್ಕೂ ಅದೇ ಬಲೆ.

ಹಂತ 3: ನೀರಿಗೆ ಹಾಕಿ

ಉಪ್ಪು, ಸಕ್ಕರೆ ಕರಗುತ್ತವೆ. ಮೇಣ, ಹೊಯ್ಗೆ ಇಲ್ಲ. 801 ಡಿಗ್ರಿಯವರೆಗೂ ಜಗ್ಗದ ಉಪ್ಪು ತಣ್ಣೀರಿಗೆ ಸೋಲುವುದೇಕೆ? ನೀರಿನ ಅಣುವಿನ ಒಂದು ಬದಿಗೆ ತುಸು ಋಣ, ಇನ್ನೊಂದು ಬದಿಗೆ ತುಸು ಧನ ವಿದ್ಯುದಂಶವಿದೆ. ಅಣುಗಳು ಗುಂಪುಗೂಡಿ ಅಯಾನುಗಳನ್ನು ಸುತ್ತುವರಿದು ಒಂದೊಂದಾಗಿ ಎಳೆದುಕೊಳ್ಳುತ್ತವೆ. ಕರಾವಳಿಯಲ್ಲಿ ಇದಕ್ಕೆ ಲೋಟವೂ ಬೇಡ. ಗಾಳಿಯ ಸಾಪೇಕ್ಷ ಆರ್ದ್ರತೆ 75 ಶೇಕಡಾ ದಾಟಿದರೆ ಶುದ್ಧ ಉಪ್ಪೂ ಗಾಳಿಯ ನೀರನ್ನೇ ಹೀರಿಕೊಂಡು ಕರಗತೊಡಗುತ್ತದೆ. ಕಲ್ಲುಪ್ಪಿನಲ್ಲಿ ಮೆಗ್ನೀಸಿಯಂ ಕ್ಲೋರೈಡಿನ ಅಂಶವಿರುವುದರಿಂದ ಅದು ಇನ್ನೂ ಮೊದಲೇ ಪಸೆಯಾಗುತ್ತದೆ. ಮಳೆ ಜೋರಾಗಿರುವ ತುಳುನಾಡಿನ ಆಟಿ ತಿಂಗಳಲ್ಲಿ ಭರಣಿಯ ತಳದಲ್ಲಿ ನೀರು ನಿಲ್ಲುವುದು ಇದರಿಂದ. ಪಕ್ಕದ ಡಬ್ಬಿಯ ಮೇಣದ ಬತ್ತಿಗೆ ಆ ಮಳೆಗಾಲದ ಪರಿವೆಯೇ ಇರುವುದಿಲ್ಲ.

ಹಂತ 4: ಬ್ಯಾಟರಿ ಜೋಡಿಸಿ

ಬ್ಯಾಟರಿಯ ಧನ ತುದಿಯಿಂದ ರೆಸಿಸ್ಟರ್, ಅಲ್ಲಿಂದ ಎಲ್‌ಇಡಿಯ ಉದ್ದ ಕಾಲು. ಗಿಡ್ಡ ಕಾಲಿನಿಂದ ಒಂದು ತಂತಿ, ಬ್ಯಾಟರಿಯ ಋಣ ತುದಿಯಿಂದ ಇನ್ನೊಂದು. ಈ ಎರಡು ತಂತಿಗಳ ನಡುವೆ ವಸ್ತುವನ್ನಿಡಿ. ಒಣ ಉಪ್ಪಿನಲ್ಲಿ ದೀಪ ಹೊತ್ತುವುದಿಲ್ಲ, ಏಕೆಂದರೆ ಅಯಾನುಗಳಿಗೆ ಕದಲಲು ಜಾಗವಿಲ್ಲ. ಡಿಸ್ಟಿಲ್ಡ್ ನೀರಿನಲ್ಲಿ ಕರಗಿಸಿದರೆ ಹೊತ್ತುತ್ತದೆ. ಕೆಲವು ಕ್ಷಣ ಸಾಕು, ಕಿಟಕಿ ತೆರೆದಿರಲಿ. ಹೆಚ್ಚು ಹೊತ್ತು ಬಿಟ್ಟರೆ ಕ್ಲೋರಿನ್ ಅನಿಲ ಏಳಬಹುದು. ಸಕ್ಕರೆ ನೀರಿನಲ್ಲಿ ಏನೂ ಆಗುವುದಿಲ್ಲ: ಅಣುಗಳು ತೇಲಾಡುತ್ತಿವೆ, ಆದರೆ ಅವುಗಳಿಗೆ ವಿದ್ಯುದಂಶವಿಲ್ಲ. ಬಾವಿ ನೀರು ಬಳಸಿ ದೀಪ ಮಂದವಾಗಿ ಹೊತ್ತಿದರೆ ಸಕ್ಕರೆಯನ್ನು ದೂರಬೇಡಿ, ಅದು ನೀರಿನ ಲವಣಗಳ ಕೆಲಸ. ತಾಮ್ರದಲ್ಲಿ ಸಲೀಸು. ಪೆನ್ಸಿಲಿನಲ್ಲೂ ಹೊತ್ತುತ್ತದೆ! ಅದರಲ್ಲಿರುವ ಗ್ರಾಫೈಟ್ ಸಹವೇಲೆನ್ಸೀಯವೇ. ಆದರೆ ಪ್ರತಿ ಕಾರ್ಬನ್ ಮೂರು ನೆರೆಯವರ ಜೊತೆ ಮಾತ್ರ ಬಂಧ ಕಟ್ಟಿಕೊಂಡು ನಾಲ್ಕನೇ ಎಲೆಕ್ಟ್ರಾನನ್ನು ಪದರದುದ್ದಕ್ಕೂ ಓಡಾಡಲು ಬಿಟ್ಟಿರುತ್ತದೆ.

ಹಂತ 5: ಸುತ್ತಿಗೆ

ಕಲ್ಲುಪ್ಪನ್ನು ಬಟ್ಟೆಯಲ್ಲಿ ಸುತ್ತಿ ಬಡಿಯಿರಿ: ಪುಡಿ. ಅಯಾನುಗಳ ಸಾಲು ಒಂದು ಹೆಜ್ಜೆ ಜರುಗಿದರೆ ಧನಕ್ಕೆ ಧನ ಎದುರಾಗಿ ಒಂದನ್ನೊಂದು ದೂಡುತ್ತವೆ. ತಾಮ್ರದ ತಂತಿ ಚಪ್ಪಟೆಯಾಗುತ್ತದೆ ಅಷ್ಟೆ. ಅಲ್ಲಿ ಎಲೆಕ್ಟ್ರಾನುಗಳು ಎಲ್ಲರಿಗೂ ಸೇರಿದವು, ಸಾಲು ಜರುಗಿದರೂ ಹಿಡಿತ ತಪ್ಪುವುದಿಲ್ಲ. ಆದರೆ ಲೋಹವೆಲ್ಲ ಹೀಗೆ ಮಣಿಯುತ್ತದೆಂದು ಅಜ್ಜಿಯ ಕಂಚಿನ ಬಟ್ಟಲನ್ನು ಪರೀಕ್ಷಿಸಲು ಹೋಗಬೇಡಿ. ತಾಮ್ರಕ್ಕೆ ಐದರಲ್ಲೊಂದು ಪಾಲಿನಷ್ಟು ತವರ ಬೆರೆತರೆ ಗಟ್ಟಿಯಾದ ಹೊಸ ಜೋಡಣೆಯಾಗಿ ಸಾಲುಗಳು ಜರುಗಲಾರವು. ಅಂಥ ಕಂಚು ಬಿದ್ದರೆ ಸೀಳುತ್ತದೆ.

ಹಂತ 6: ಮಾಡಿನ ಹಂಚು

ಕ್ರೈಸ್ತ ಮಿಷನರಿ ಸಂಸ್ಥೆಯಾದ ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರುಮಾಡಿತು. ಆವೆ ಮಣ್ಣನ್ನು ಅಚ್ಚಿನಲ್ಲಿ ಒತ್ತಿ ಸುಡುವ ಕೆಲಸದ ಗುಟ್ಟೂ ಬಂಧದಲ್ಲೇ ಇದೆ. ಆವೆ ಮಣ್ಣೆಂದರೆ ಸಿಲಿಕಾನ್, ಅಲ್ಯೂಮಿನಿಯಂ, ಆಮ್ಲಜನಕದ ಅತಿ ತೆಳು ಹಾಳೆಗಳು. ಹಾಳೆಯೊಳಗಿನ ಬಂಧ ಬಲವಾದದ್ದು, ಹಾಳೆಗಳ ನಡುವಿನದು ದುರ್ಬಲ. ನೀರು ನಡುವೆ ಸೇರಿದಾಗ ಹಾಳೆಗಳು ಜಾರುತ್ತವೆ, ಹಾಗಾಗಿ ಮಣ್ಣು ಬೇಕಾದ ಆಕಾರ ತಳೆಯುತ್ತದೆ. ಬಿಸಿಲಿಗೆ ಒಣಗಿಸಿದರೆ ಆ ನೀರು ಹೋಗುತ್ತದೆ ಮಾತ್ರ. ಗೂಡಿನಲ್ಲಿ 500, 600 ಡಿಗ್ರಿಗೆ ಹಾಳೆಗಳ ಹೈಡ್ರಾಕ್ಸಿಲ್ ಗುಂಪುಗಳೇ ನೀರಾಗಿ ಹೊರಟುಹೋಗುತ್ತವೆ. ಇನ್ನೂ ಮೇಲಕ್ಕೆ ಹೋದಂತೆ ಕಣಗಳ ನಡುವೆ ಆಮ್ಲಜನಕದ ಹೊಸ ಸೇತುವೆಗಳು ಬೀಳುತ್ತವೆ. ಮತ್ತೆ ಅದು ಮಣ್ಣಾಗುವುದಿಲ್ಲ.

ಒಣಗಿದ ಮಣ್ಣಿನ ಉಂಡೆಯನ್ನೂ ಒಡೆದ ಹಂಚಿನ ಚೂರನ್ನೂ ಒಂದೇ ಬಾಲ್ದಿಗೆ ಹಾಕಿ ರಾತ್ರಿ ಬಿಡಿ. ಉಂಡೆ ಕೆಸರಾಗಿರುತ್ತದೆ, ಹಂಚಿನ ಚೂರು ಹಾಗೇ ಇರುತ್ತದೆ. ನೀರಿಗೆ ಹಾಕಿದ ಕೂಡಲೇ ಹಂಚಿನಿಂದ ಗುಳ್ಳೆ ಎದ್ದರೆ ಅದು ಕರಗುತ್ತಿದೆ ಎಂದು ತಿಳಿಯಬೇಡಿ; ರಂಧ್ರಗಳಲ್ಲಿದ್ದ ಗಾಳಿ ನೀರಿಗೆ ಜಾಗ ಬಿಟ್ಟು ಹೊರಬರುತ್ತಿರುತ್ತದೆ. ನೆನೆಸುವ ಮೊದಲೂ ಆಮೇಲೂ ತಕ್ಕಡಿಯಲ್ಲಿಟ್ಟರೆ ಎಷ್ಟು ನೀರು ಕುಡಿಯಿತೆಂದು ಗೊತ್ತಾಗುತ್ತದೆ.